ಮಹಿಳಾ ಆಯೋಗಕ್ಕ ಅರ್ಜಿ ಕೊಟ್ಟರ ಏನಾಗ್ತೈತ್ರಿ? ವಕೀಲರ ಜೊತಿ ಪ್ರಶ್ನೋತ್ತರ

ಅಡ್ಮಿನ್: ಹೊಡೆತ, ಬಡಿತ, ಕೆಲಸದ ಕಡೆ ಕಿರುಕುಳ, ಯಾರ ಕಡೆ ಹೋಗಬೇಕು ಅಂತ ಭಾಳ ಮಂದಿ ಒಳಗೊಳಗ ಮೆಸೇಜ್ ಹಾಕಾಕತ್ತೀರಿ. ಅದಕ್ಕ ಇವತ್ತ ವಿಜಯಪುರ ಜಿಲ್ಲಾ ಕೋರ್ಟಿನ್ಯಾಗ ವಕೀಲಿ ಮಾಡೋ, ಉಚಿತ ಕಾನೂನು ನೆರವಿನ ಪ್ಯಾನಲ್‌ನ್ಯಾಗ ಇರೋ ಮೇಡಂ ಉತ್ತರ ಕೊಡ್ತಾರ. ಹೆಸರು ಬ್ಯಾಡ ಅಂದವರ ಪ್ರಶ್ನೆ ನಾನ ಹಾಕೀನಿ. ಊರಿನ ಹೆಸರೂ ತಾಲ್ಲೂಕಿನ ತನಕ ಅಷ್ಟ.

ಪ್ರಶ್ನೆ (ಜಮಖಂಡಿ ತಾಲ್ಲೂಕು): ಮೇಡಂ, ಗಂಡ ಕುಡದ ಬಂದ ಹೊಡಿತಾನ. ಅತ್ತಿ "ತವರಿಂದ ರೊಕ್ಕ ತಗೊಂಡ ಬಾ" ಅಂತಾಳ. ಎರಡ ಸಲ ಸ್ಟೇಷನ್‌ಗೆ ಹೋದ್ವಿ. ಅವನ್ನ ಕರಸಿ ಬುದ್ಧಿ ಹೇಳಿ ಕಳಿಸಿದ್ರು, ಬರದ ಏನೂ ಕೊಡಲಿಲ್ಲ. ನಮ್ಮ ಅಣ್ಣ ಬೆಂಗಳೂರಿನ ಮಹಿಳಾ ಆಯೋಗಕ್ಕ ಅರ್ಜಿ ಹಾಕೂಣು ಅಂತಾನ. ಹಾಕಿದ್ರ ಅವರು ಬಂದು ಹಿಡಕೊಂಡ ಹೋಗ್ತಾರೇನ್ರಿ? ನನಗ ಅವನ್ನ ಜೈಲಿಗೆ ಹಾಕೂದು ಬ್ಯಾಡ. ಹೊಡಿಯೂದು ನಿಲ್ಲಬೇಕು, ಅಷ್ಟ.

ಉತ್ತರ: ಇಲ್ಲ ತಂಗಿ. ಆಯೋಗದವರು ಪೊಲೀಸರಲ್ಲ, ಕೋರ್ಟೂ ಅಲ್ಲ. ಬಂಧಿಸುವುದು, ಶಿಕ್ಷೆ ಕೊಡುವುದು, ವಿಚ್ಛೇದನ ಕೊಡುವುದು ಅವರ ಕೈಯಲ್ಲಿಲ್ಲ. 1995ರ ರಾಜ್ಯ ಕಾಯ್ದೆಯ ಪ್ರಕಾರ ಆದ ಸಂಸ್ಥೆ ಅದು. ವಿಚಾರಣೆ ಮಾಡುವಾಗ ಸಿವಿಲ್ ಕೋರ್ಟಿನ ಕೆಲವು ಅಧಿಕಾರ ಅದಕ್ಕೂ ಇರುತ್ತವೆ: ಸಮನ್ಸ್ ಕಳಿಸಬಹುದು, ಕಾಗದಪತ್ರ ತರಿಸಬಹುದು, ಪ್ರಮಾಣ ಮಾಡಿಸಿ ಹೇಳಿಕೆ ತೆಗೆದುಕೊಳ್ಳಬಹುದು.

ನಿನ್ನಂಥ ಅರ್ಜಿ ಹೋದಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಅರ್ಜಿಗೆ ಒಂದು ನಂಬರ್ ಬೀಳುತ್ತದೆ. "ಈ ದೂರಿನ ಮೇಲೆ ಏನು ಕ್ರಮ ತೆಗೆದುಕೊಂಡಿದ್ದೀರಿ, ವರದಿ ಕೊಡಿ" ಎಂದು ಬಾಗಲಕೋಟೆ ಎಸ್‌ಪಿಯವರಿಗೆ ಪತ್ರ ಬರುತ್ತದೆ. ಅದು ಕೆಳಗಿಳಿದು ನಿನ್ನ ಠಾಣೆಯ ಟೇಬಲ್ಲಿಗೆ ಹೋಗುತ್ತದೆ. ನಿನಗೆ ಬರೆದು ಏನೂ ಕೊಡದವರು ಈಗ ಮೇಲಿನವರಿಗೆ ಬರೆದೇ ಉತ್ತರ ಕೊಡಬೇಕು. ಆಯೋಗದ ದೊಡ್ಡ ಉಪಯೋಗ ಇದೇ ಅಂತ ನನಗನ್ನಿಸುತ್ತದೆ. ಇಬ್ಬರನ್ನೂ ಕರೆಸಿ ಆಪ್ತ ಸಮಾಲೋಚನೆ ಮಾಡುವುದೂ ಉಂಟು. ಫೀ ಇಲ್ಲ, ವಕೀಲರು ಬೇಕಿಲ್ಲ, ಬಿಳಿ ಹಾಳೆ ಸಾಕು.

ಆದರೆ ನಿನ್ನನ್ನು ನಾನು ಮೊದಲು ಬೆಂಗಳೂರಿಗೆ ಕಳಿಸುವುದಿಲ್ಲ. ನಿನಗೆ ಬೇಕಾದದ್ದು ಜಮಖಂಡಿಯಲ್ಲೇ ಇದೆ. ಹೊಡೆಯುವುದು ನಿಲ್ಲಬೇಕು, ಜೈಲು ಬೇಡ ಅಂದೆಯಲ್ಲ, ಸರಿಯಾಗಿ ಅದಕ್ಕಂತಲೇ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ ಅವರೇ ತಾಲ್ಲೂಕಿನಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಇದು ಭಾಳ ಮಂದಿಗೆ ಗೊತ್ತೇ ಇಲ್ಲ. ಆ ಆಫೀಸಿಗೆ ಹೋಗಿ "ಡಿಐಆರ್ ಬರೆಸಬೇಕು" ಅನ್ನು. ಡಿಐಆರ್ ಅಂದರೆ ಕೌಟುಂಬಿಕ ಘಟನೆಯ ವರದಿ. ಯಾವಾಗ ಹೊಡೆದ, ಏನಂದ, ರೊಕ್ಕ ಯಾರು ಕೇಳಿದರು ಎಲ್ಲ ಅದರಲ್ಲಿ ಬರುತ್ತದೆ. ಅವರು ಅದನ್ನು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸುತ್ತಾರೆ. ಅರ್ಜಿ ಕೋರ್ಟಿಗೆ ಬಂದ ಮೇಲೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ತಾರೀಖು ಕೊಡಬೇಕು, 60 ದಿನದಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ. 60 ದಿನದಲ್ಲಿ ಮುಗಿಯುತ್ತದೆ ಅಂತ ನಾನು ಆಣೆ ಮಾಡಲಾರೆ, ನಮ್ಮ ಕೋರ್ಟಿನ ತಾರೀಖು ನಿಮಗೂ ಗೊತ್ತು. ಆದರೆ ಮಧ್ಯಂತರ ಆದೇಶ ಬೇಗ ಸಿಗಬಹುದು. ಹೊಡೆಯಬಾರದು, ಮನೆಯಿಂದ ಹೊರಗೆ ಹಾಕಬಾರದು, ಖರ್ಚಿಗೆ ತಿಂಗಳಿಗೆ ಇಷ್ಟು ಕೊಡಬೇಕು ಅಂತ. ಆ ರಕ್ಷಣಾ ಆದೇಶ ಮುರಿದರೆ ಆಗ ಅಪರಾಧ: 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ. ಜೈಲಿನ ಕೀಲಿಕೈ ಅವನ ಕೈಯಲ್ಲೇ ಇರುತ್ತದೆ.

ತವರಿಂದ ರೊಕ್ಕ ತಾ ಅನ್ನುವುದು ಬೇರೆಯೇ ಅಪರಾಧ. ಮೊದಲು 498ಎ ಅನ್ನುತ್ತಿದ್ದರಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮು. ಅದನ್ನು ಹಾಕಿಸುವುದು ಬಿಡುವುದು ನಿನ್ನ ವಿಚಾರ. ಡಿಐಆರ್ ಬರೆಸಿದರೆ ಆ ದಾರಿ ಮುಚ್ಚುವುದಿಲ್ಲ.

ಅದೇ ತಂಗಿ: ಮತ್ತ ಸ್ಟೇಷನ್‌ನ್ಯಾಗ ಬರದ ಕೊಡಲಿಲ್ಲಂದ್ರ?

ಉತ್ತರ: ಬಾಯಿಮಾತಿನಲ್ಲಿ ಹೇಳಿ ಬರಬೇಡ. ದೂರನ್ನು ಎರಡು ಪ್ರತಿ ಬರೆದುಕೊಂಡು ಹೋಗು, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೋ. ಎಫ್‌ಐಆರ್ ಮಾಡಿದರೆ ಅದರ ಪ್ರತಿ ನಿನಗೆ ಪುಕ್ಕಟೆ ಕೊಡಲೇಬೇಕು. ಮಾಡುವುದಿಲ್ಲ ಅಂದರೆ ಹಿಂಬರಹ ಕೇಳು. ಯಾಕೆ ಮಾಡಲಿಲ್ಲ ಅಂತ ಅವರ ಕೈಯಿಂದಲೇ ಬರೆಸಿಕೊಂಡ ಆ ಒಂದು ಹಾಳೆ ಮುಂದೆ ಆಯೋಗಕ್ಕೂ ಬೇಕು, ಕೋರ್ಟಿಗೂ ಬೇಕು. ಹಿಂಬರಹವನ್ನೂ ಕೊಡದಿದ್ದರೆ ಅದೇ ದೂರನ್ನು ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೋ. ಅಲ್ಲಿಗೂ ಕೆಲಸ ಆಗಲಿಲ್ಲ ಅಂದಾಗ ಆಯೋಗಕ್ಕೆ ಬರೆ, ರಸೀದಿಯ ಝೆರಾಕ್ಸ್ ಹಚ್ಚು. ಬರೀ "ನನಗೆ ನ್ಯಾಯ ಕೊಡಿಸಿ" ಅಂದ ಅರ್ಜಿಗೂ, "ಇಂಥ ತಾರೀಖು ಇಂಥ ಠಾಣೆಗೆ ಕೊಟ್ಟೆ, ತೆಗೆದುಕೊಳ್ಳಲಿಲ್ಲ, ರಸೀದಿ ಇದೆ" ಅಂದ ಅರ್ಜಿಗೂ ಬಹಳ ಫರಕು ಇದೆ.

ಇನ್ನೊಂದು ಮಾತು, ಇದನ್ನು ಎಲ್ಲರೂ ಓದಿರಿ. ಅರ್ಜಿಯಲ್ಲಿ ಗಂಡನ ಮನೆಯ ವಿಳಾಸ, ಗಂಡನ ಕೈಯಲ್ಲಿರುವ ಫೋನ್ ನಂಬರ್ ಬರೆಯಬೇಡಿ. ಆಯೋಗದ ಪತ್ರ ಪೋಸ್ಟಿನಲ್ಲಿ ಬರುತ್ತದೆ, ಅದನ್ನು ಮೊದಲು ಒಡೆಯುವವಳು ಅತ್ತೆ. ಅವತ್ತಿನ ರಾತ್ರಿ ನೀವು ಆ ಮನೆಯಲ್ಲೇ ಇರುತ್ತೀರಿ. ಅಣ್ಣನ ಮನೆಯದೋ ನಂಬಿಕಸ್ಥ ಗೆಳತಿಯದೋ ವಿಳಾಸ ಕೊಡಿ. ಫೋನ್‌ನಲ್ಲಿ ಹುಡುಕಿದ್ದನ್ನೂ ಈ ಗುಂಪಿನ ಮೆಸೇಜನ್ನೂ ಅಳಿಸಿಬಿಡಿ. ಗಾಯದ ಫೋಟೋ ತೆಗೆದಿದ್ದರೆ ತವರಿಗೆ ಕಳಿಸಿ ನಿಮ್ಮ ಫೋನಿನಿಂದ ತೆಗೆಯಿರಿ.

ಪ್ರಶ್ನೆ (ಸಿಂದಗಿ ತಾಲ್ಲೂಕು): ಮೇಡಂ, ಊರಾಗ ಹಿರ್ಯಾರು ಕೂಡಿ ಬಾಂಡ್ ಪೇಪರ್ ಮ್ಯಾಲ ಸೋಡಚೀಟಿ ಬರಸ್ಯಾರ. "ನಾವಿಬ್ಬರೂ ರಾಜಿಖುಷಿಯಿಂದ ಬ್ಯಾರೆ ಆಗೀವಿ, ಮುಂದ ಏನೂ ಕೇಳಂಗಿಲ್ಲ" ಅಂತ ಅದ. ನಾ ಸಹಿ ಮಾಡೀನಿ. ಈಗ ಅವ ಇನ್ನೊಂದ ಮದುವಿ ಆಗಾಕತ್ತಾನ. ನಂದು ಮುಗೀತೇನ್ರಿ?

ಉತ್ತರ: ಮುಗಿದಿಲ್ಲ ಅಕ್ಕಾ. ಹಿಂದೂ ಮದುವೆಯಾದರೆ ಬಾಂಡ್ ಪೇಪರಿನ ಮೇಲೆ ಬರೆದ ಮಾತ್ರಕ್ಕೆ ಮುರಿಯುವುದಿಲ್ಲ, ಕೋರ್ಟಿನ ಡಿಕ್ರಿ ಬೇಕು. ನಮ್ಮ ಜಾತಿಯಲ್ಲಿ ಹೀಗೆ ಬಿಡಿಸುವ ರೂಢಿ ಇದೆ ಅಂತ ಅವನು ಹೇಳಿದರೆ ಅದನ್ನು ಅವನೇ ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಸುಲಭ ಅಲ್ಲ. ಡಿಕ್ರಿ ಇಲ್ಲದೆ ಇನ್ನೊಂದು ಮದುವೆಯಾದರೆ ಅದು ಅಪರಾಧ. "ಮುಂದೆ ಏನೂ ಕೇಳುವುದಿಲ್ಲ" ಅನ್ನುವ ಸಾಲಿಗೆ ಹೆದರಬೇಡಿ, ಜೀವನಾಂಶದ ಹಕ್ಕನ್ನು ಹಾಗೆ ಬರೆದುಕೊಟ್ಟು ಕಳೆದುಕೊಳ್ಳಲು ಬರುವುದಿಲ್ಲ.

ನನಗೆ ತಲೆಬಿಸಿ ಮಾಡಿದ್ದು ಅದರ ಮೊದಲ ಸಾಲು. ಗಂಡ ಹೆಂಡತಿ ಪರಸ್ಪರ ಒಪ್ಪಿ ಬೇರೆ ಇದ್ದರೆ ಹೆಂಡತಿಗೆ ಜೀವನಾಂಶ ಇಲ್ಲ ಅಂತ ಕಾನೂನಿನಲ್ಲಿ ಒಂದು ಮಾತಿದೆ (ಹಳೆಯ 125, ಈಗ ನಾಗರಿಕ ಸುರಕ್ಷಾ ಸಂಹಿತೆಯ 144). ಗಂಡನ ಕಡೆ ವಕೀಲರು ಆ ಬಾಂಡ್ ಹಿಡಿದುಕೊಂಡು ಅದನ್ನೇ ಎತ್ತುತ್ತಾರೆ. ನಿಮ್ಮ ಹಿರಿಯರಿಗೆ ಅದು ಗೊತ್ತಿರಲಿಕ್ಕಿಲ್ಲ, ಬರೆದ ಬಾಂಡ್ ರೈಟರ್‌ಗೆ ಗೊತ್ತಿರಬಹುದು. ಅವತ್ತು ಯಾರು ಕೂತಿದ್ದರು, ಸಹಿ ಹೇಗೆ ಮಾಡಿಸಿದರು, ನಿಮಗೆ ಓದಿ ಹೇಳಿದರೋ ಇಲ್ಲವೋ, ನೆನಪಿದ್ದಾಗಲೇ ಬರೆದಿಡಿ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಗಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾಯ್ದೆ ಇದೆ. ಫೋನ್ ಮಾಡುವುದಾದರೆ 15100. ನಿಮ್ಮದು ಆಯೋಗದ ಕೆಲಸ ಅಲ್ಲ, ಕೋರ್ಟಿನದು. ಬೆಂಗಳೂರಿಗೆ ಬರೆದು ದಿನ ಕಳೆಯಬೇಡಿ.

ಕಾಮೆಂಟ್: ಎಲ್ಲಾ ಕಾನೂನು ಹೆಣ್ಮಕ್ಕಳ ಪರಾನ ಐತಲ್ರಿ. ಸುಳ್ಳ ಕೇಸ್ ಹಾಕಿ ಇಡೀ ಮನಿತನಾನ ಒಳಗ ಹಾಕಸ್ತಾರ, ಅವರಿಗ್ಯಾರು ಕೇಳಾವ್ರು?

ಉತ್ತರ: ಅಣ್ಣಾರ, ದೂರು ಬಂದ ಕೂಡಲೇ ಹಿಡಿದು ಒಳಗೆ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಕೇಸಿನಲ್ಲಿ ಹೇಳಿಯಾಗಿದೆ. ಮೊದಲು ನೋಟಿಸ್, ಬಂಧಿಸಲೇಬೇಕಾದರೆ ಕಾರಣ ಬರೆಯಬೇಕು. ಮೇಲೆ ನಾನು ಹೇಳಿದ ಡಿಐಆರ್ ಬರೆಸಿದ ಮಾತ್ರಕ್ಕಂತೂ ಯಾರನ್ನೂ ಒಳಗೆ ಹಾಕುವುದೇ ಇಲ್ಲ, ಕೋರ್ಟಿನ ಆದೇಶ ಮುರಿದರೆ ಮಾತ್ರ. ಸುಳ್ಳು ಕೇಸು ಇರುತ್ತವೆ, ನಾನೂ ನೋಡಿದ್ದೇನೆ. ಸುಳ್ಳು ಚೆಕ್ ಬೌನ್ಸ್ ಕೇಸನ್ನೂ ನೋಡಿದ್ದೇನೆ, ಅದಕ್ಕೆ ಯಾರೂ ಆ ಕಾನೂನೇ ಬೇಡ ಅನ್ನಲಿಲ್ಲ. ಮುಂದಿನ ಪ್ರಶ್ನೆ.

ಪ್ರಶ್ನೆ (ಅಥಣಿ ಕಡೆ, ಮೂಲ ಇಂಡಿ ತಾಲ್ಲೂಕು): ನಾವು ಕಬ್ಬು ಕಡಿಯೋ ಗ್ಯಾಂಗ್‌ನ್ಯಾಗ ಬಂದೀವ್ರಿ. ಮುಕಾದಮ (ಗ್ಯಾಂಗಿನ ಮೇಸ್ತ್ರಿ) ನಮ್ಮ ಗುಡಿಸಲ ಕಡೆ ರಾತ್ರಿ ಬರ್ತಾನ. ನನ್ನ ನಾದಿನಿ ಕೈ ಹಿಡದ ಎಳದಾನ. ಬಿಟ್ಟ ಹೋಗೂಣು ಅಂದ್ರ ಜೋಡಿಗೆ ಅಡ್ವಾನ್ಸ್ ತಗೊಂಡೀವಿ, "ರೊಕ್ಕ ತೀರಿಸಿ ಹೋಗ್ರಿ" ಅಂತಾನ. ನಮ್ಮಂಥಾರಿಗೆ ಆಯೋಗ ಎಲ್ಲಿಂದ ಬರಬೇಕ್ರಿ?

ಉತ್ತರ: ಬರುತ್ತದೆ, ಆದರೆ ನಿಮಗೆ ಇವತ್ತೇ ಬೇಕಾಗಿದ್ದು ಪೊಲೀಸರು. ನಾದಿನಿಯನ್ನು ಒಬ್ಬಳೇ ಬಿಡಬೇಡಿ, ರಾತ್ರಿ ಮತ್ತೆ ಬಂದರೆ 112ಕ್ಕೆ ಹಚ್ಚಿ. ಕೈ ಹಿಡಿದು ಎಳೆದದ್ದು ನ್ಯಾಯ ಸಂಹಿತೆಯ 74ನೇ ಕಲಮು, 1ರಿಂದ 5 ವರ್ಷದ ಶಿಕ್ಷೆ ಇರುವ ಅಪರಾಧ. ನಿಮ್ಮದು ಇಂಡಿ ಠಾಣೆ, ಅಲ್ಲಿಗೇ ಹೋಗಿ ಅಂತ ಯಾರಾದರೂ ಅಂದರೆ ಕೇಳಬೇಡಿ. ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು, ಹದ್ದು ಬೇರೆಯಾದರೆ ಝೀರೋ ಎಫ್‌ಐಆರ್ ಮಾಡಿ ಅವರೇ ಕಳಿಸಬೇಕು. ಇಂಥ ದೂರಿನಲ್ಲಿ ಅವಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ಅವನು ಅಲ್ಲದಿದ್ದರೆ ಅದನ್ನು ದೂರಿನಲ್ಲೇ ಬರೆಸಿ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಸೇರಿದರೆ ತನಿಖೆಯನ್ನು ಡಿವೈಎಸ್‌ಪಿ ಮಾಡುತ್ತಾರೆ, ಪರಿಹಾರದ ರೊಕ್ಕವೂ ಇದೆ.

ಅಡ್ವಾನ್ಸ್ ವಿಷಯ. ಸಾಲ ತೀರುವವರೆಗೆ ಬಿಟ್ಟು ಹೋಗಬಾರದು ಅಂತ ಹಿಡಿದಿಟ್ಟು ದುಡಿಸಿಕೊಳ್ಳುವುದಕ್ಕೆ ಜೀತ ಅಂತಲೇ ಹೆಸರು, ಅದನ್ನು 1976ರ ಕಾಯ್ದೆ ರದ್ದು ಮಾಡಿದೆ. ಡಿಸಿ ಅಥವಾ ಎಸಿಯವರಿಗೆ ಅರ್ಜಿ ಕೊಡಬಹುದು. ಗ್ಯಾಂಗಿನಲ್ಲಿ ನಾಲ್ಕು ಜೋಡಿಯಾದರೂ ಕೂಡಿ ಸಹಿ ಮಾಡಿ. ಒಬ್ಬರೇ ಹೋದರೆ "ರೊಕ್ಕ ಮುಳುಗಿಸಲು ಹೇಳುತ್ತಾರೆ" ಅನ್ನುವುದು ಮುಕಾದಮನ ಖಾಯಂ ಮಾತು.

ಮೂರನೆಯದು ಕೆಲಸದ ಸ್ಥಳದ ಲೈಂಗಿಕ ಕಿರುಕುಳದ 2013ರ ಕಾಯ್ದೆ. ಅದು ಆಫೀಸು, ಬ್ಯಾಂಕಿನವರಿಗೆ ಮಾತ್ರ ಅಂತ ತಿಳಿದಿದ್ದಾರೆ. ಹೊಲವೂ ಕೆಲಸದ ಸ್ಥಳವೇ, ಮನೆಗೆಲಸದ ಮನೆಯೂ ಹೌದು. ಒಳಗಿನ ಸಮಿತಿ ಇಲ್ಲದ ಕಡೆ ಕೆಲಸ ಮಾಡುವವರಿಗೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. 3 ತಿಂಗಳೊಳಗೆ ದೂರು ಕೊಡಬೇಕು. ಕಾರಣ ಇದ್ದರೆ ಇನ್ನೂ 3 ತಿಂಗಳು ಸಿಗಬಹುದು. ಕಬ್ಬಿನ ಹಂಗಾಮು ಮುಗಿದು ಊರಿಗೆ ಹೋದ ಮೇಲೆ ನೋಡೋಣ ಅಂದರೆ ಆ ಅವಧಿ ದಾಟಿಹೋಗುತ್ತದೆ. ಆ ಸಮಿತಿ ಎಲ್ಲಿ ಅಂತ ಸಿಡಿಪಿಒ ಆಫೀಸಿನಲ್ಲಿ ಕೇಳಿ. ಸಮಿತಿಯೇ ಇಲ್ಲ, ಇದ್ದರೂ ಕೂಡುವುದಿಲ್ಲ ಅಂದರೆ, ಆಗ ಆಯೋಗಕ್ಕೆ ಬರೆಯಿರಿ. ಒಬ್ಬಳ ಕೇಸಿಗಿಂತ ಇಂಥದ್ದರಲ್ಲಿ ಆಯೋಗಕ್ಕೆ ಹಿಡಿತ ಜಾಸ್ತಿ. ಪತ್ರಿಕೆಯಲ್ಲಿ ನೋಡಿಯೂ ಅವರು ತಾವಾಗಿಯೇ ವಿಷಯ ಎತ್ತಿಕೊಳ್ಳಬಹುದು, ಜಿಲ್ಲೆಗೆ ಬಂದು ಅಧಿಕಾರಿಗಳನ್ನು ಕೂಡಿಸಿ ಕೇಳಬಹುದು. ಅಧ್ಯಕ್ಷರು ಜಿಲ್ಲಾ ಪ್ರವಾಸಕ್ಕೆ ಬಂದಾಗ ಅರ್ಜಿ ಕೈಯಲ್ಲೇ ಕೊಡಬಹುದು, ಅದಕ್ಕೆ ಬೆಂಗಳೂರಿಗೆ ಒಂದು ರಾತ್ರಿ ಪ್ರಯಾಣ ಮಾಡಬೇಕಿಲ್ಲ.

ಪ್ರಶ್ನೆ (ರಾಯಬಾಗ ತಾಲ್ಲೂಕು): ನಮ್ಮ ಓಣ್ಯಾಗ ಒಂದ ಹುಡಿಗಿಗೆ ಮುತ್ತು ಕಟ್ಟಾಕ (ದೇವದಾಸಿ ಬಿಡಾಕ) ತಯಾರಿ ನಡಸ್ಯಾರ ಅಂತ ಸುದ್ದಿ ಐತಿ. ಹತ್ತನೇತ್ತ ಓದ್ತಾಳ. ಜಡಿ ಬಂದೈತಿ ಅಂತಾರ. ಹೇಳಿದ್ರ ದೇವಿ ಶಾಪ ಅಂತ ನಮ್ಮನ್ನ ಬೈತಾರ.

ಉತ್ತರ: ಮಕ್ಕಳ ಸಹಾಯವಾಣಿ 1098ಕ್ಕೆ ಇವತ್ತೇ ಹಚ್ಚಿ, ನಾಳೆ ಅನ್ನಬೇಡಿ. ನಮ್ಮ ಕಡೆ ಮುಂಬೈ ಪ್ರಾಂತ್ಯ ಇದ್ದಾಗ, 1934ರಲ್ಲೇ, ದೇವದಾಸಿ ಬಿಡುವುದನ್ನು ತಡೆಯುವ ಕಾಯ್ದೆ ಬಂತು. ಕರ್ನಾಟಕದ್ದು 1982ರಲ್ಲಿ. ಹುಡುಗಿ ಒಪ್ಪಿದ್ದಾಳೆ, ತಾಯಿ ಹರಕೆ ಹೊತ್ತಿದ್ದಾಳೆ ಅನ್ನುವುದು ನಡೆಯುವುದಿಲ್ಲ. ಈಗ ಸವದತ್ತಿ ಗುಡ್ಡದಲ್ಲಿ ಭಾರತ ಹುಣ್ಣಿಮೆಗೆ ಪೊಲೀಸರು ಇರುತ್ತಾರೆ ಅಂತ ಮನೆಯೊಳಗೆ, ಸಣ್ಣ ಗುಡಿಯಲ್ಲಿ, ನಸುಕಿನಲ್ಲಿ ಮುಗಿಸುವವರಿದ್ದಾರೆ. ಅದಕ್ಕೇ ಓಣಿಯವರ ಕಣ್ಣು ಬೇಕು. ಹುಡುಗಿಯ ತಾಯಿಯೂ ದೇವದಾಸಿಯಾಗಿದ್ದರೆ ಅವಳನ್ನು ಅಪರಾಧಿ ಅಂತ ಮಾತ್ರ ನೋಡಬೇಡಿ. ಮಹಿಳಾ ಅಭಿವೃದ್ಧಿ ನಿಗಮದ ದೇವದಾಸಿ ಪುನರ್ವಸತಿ ಯೋಜನೆಯಲ್ಲಿ ಅವಳಿಗೆ ಏನು ಸಿಕ್ಕಿದೆ, ಏನು ಬಾಕಿ ಇದೆ ಅಂತ ಕೇಳಿ. ಹೊಟ್ಟೆಯ ದಾರಿ ತೋರಿಸದೆ ಬರೀ ಕೇಸು ಹಾಕಿದರೆ ಮುಂದಿನ ವರ್ಷ ತಂಗಿಯ ಪಾಳಿ ಬರುತ್ತದೆ. ಕೂದಲು ಜಡೆಗಟ್ಟಿದ್ದು ಎಣ್ಣೆ, ನೀರು, ಬಾಚಣಿಗೆ ಕಾಣದೆ. ಕತ್ತರಿಸಿದರೆ ಏನೂ ಆಗುವುದಿಲ್ಲ.

ಪ್ರಶ್ನೆ (ಬಾಗಲಕೋಟೆ): ರಾತ್ರಿ ಹೊರಗ ಹಾಕಿದ್ರ, ಕೈಯಾಗ ಆಧಾರ್ ಕಾರ್ಡೂ ಇರಂಗಿಲ್ಲ. ಎಲ್ಲಿ ಹೋಗಬೇಕ್ರಿ?

ಉತ್ತರ: ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಸಖಿ ಕೇಂದ್ರ ಅಂತ ಕೇಳಿ. ಜಿಲ್ಲಾ ಕೇಂದ್ರದಲ್ಲಿರುತ್ತದೆ, ರಾತ್ರಿಯೂ ತೆರೆದಿರಬೇಕು. 5 ದಿನದವರೆಗೆ ಅಲ್ಲೇ ಇರಬಹುದು. ಆಸ್ಪತ್ರೆ, ಪೊಲೀಸ್, ವಕೀಲರು, ಸಮಾಲೋಚಕರು, ಎಲ್ಲವನ್ನೂ ಅಲ್ಲಿಂದಲೇ ಜೋಡಿಸುತ್ತಾರೆ. ಇನ್ನೂ ಹೆಚ್ಚು ದಿನ ಬೇಕಾದರೆ ಆಶ್ರಯ ಮನೆಗೆ ಕಳಿಸುತ್ತಾರೆ. ಗಾಯ ಆಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ "ಬಿದ್ದೆ" ಅನ್ನಬೇಡಿ. ಹೊಡೆದರು ಅಂತ ಹೇಳಿ ಎಂಎಲ್‌ಸಿ (ಪೊಲೀಸರಿಗೂ ಕೋರ್ಟಿಗೂ ಬೇಕಾಗುವ ಗಾಯದ ದಾಖಲೆ) ಮಾಡಿಸಿ. ಆಧಾರ್, ಬಂಗಾರ, ಮಾರ್ಕ್ಸ್ ಕಾರ್ಡ್ ಗಂಡನ ಮನೆಯಲ್ಲಿ ಉಳಿದರೆ ವಾಪಸು ಕೊಡಿಸು ಅಂತ ಮ್ಯಾಜಿಸ್ಟ್ರೇಟರನ್ನು ಕೇಳಬಹುದು.

ಪ್ರಶ್ನೆ (ವಿಜಯಪುರ): ಬಾಜೂ ಮನ್ಯಾಗ ದಿನಾ ರಾತ್ರಿ ಅಕಿನ್ನ ಹೊಡಿತಾನ. ಅಕಿ ಬಾಯಿ ಬಿಡಂಗಿಲ್ಲ. ನಾ ಹೇಳಬಹುದಾ? ನನ್ನ ಹೆಸರು ಹೊರಗ ಬಂದ್ರ?

ಉತ್ತರ: ಹೇಳಬಹುದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 4ನೇ ಕಲಮಿನ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ಹೇಳಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ಹೆಸರು ಹೇಳಬೇಡಿ ಅಂತ ಮೊದಲೇ ಕೇಳಿಕೊಳ್ಳಿ. ಆದರೆ ಒಂದೇ ಗೋಡೆಯ ಮನೆಯಲ್ಲಿ ಯಾರು ಹೇಳಿದರು ಅಂತ ಅವನು ಊಹೆ ಮಾಡುತ್ತಾನೆ, ಅದಕ್ಕೆ ತಯಾರಾಗಿರಿ. ಹೊಡೆಯುವಾಗಲೇ 112ಕ್ಕೆ ಹಚ್ಚುವುದು ಬೇರೆ, ಮರುದಿನ ಸಿಡಿಪಿಒ ಆಫೀಸಿಗೆ ಹೇಳುವುದು ಬೇರೆ, ಎರಡನ್ನೂ ಮಾಡಬಹುದು. ಅದಕ್ಕೂ ಮೊದಲು ಅವನಿಲ್ಲದಾಗ ಅವಳ ಹತ್ತಿರ ಹೋಗಿ 181 ನಂಬರ್ ಕೊಡಿ. ಚೀಟಿಯಲ್ಲಿ ಬರೆದುಕೊಡಬೇಡಿ, ಬಾಯಿಪಾಠ ಮಾಡಿಸಿ.