ಕಲಬುರಗಿ ಬಿಸಿಲಲ್ಲಿ ಏಳು ವರ್ಷದ ಮಗನನ್ನು ಕ್ರಿಕೆಟ್ ಕ್ಯಾಂಪ್‌ಗೆ ಕಳಿಸಬಹುದಾ?

ಶಿವಮೊಗ್ಗದಿಂದ ಬಂದವಳು:
ಎಲ್ಲರಿಗೂ ನಮಸ್ಕಾರ. ಮನೆಯವರಿಗೆ ವರ್ಗವಾಗಿ ನಾವು ಕಲಬುರಗಿಗೆ ಬಂದು ಎಂಟು ತಿಂಗಳಾಯಿತು, ಇದು ಇಲ್ಲಿ ನಮ್ಮ ಮೊದಲ ಬೇಸಿಗೆ. ಮಗನಿಗೆ ಏಳು ವರ್ಷ, ಪಾಪುಗೆ ಐದು ತಿಂಗಳು. ಮಗ ಕ್ರಿಕೆಟ್ ಕ್ಯಾಂಪ್‌ಗೆ ಹೋಗಲೇಬೇಕು ಅಂತ ಹಟ ಮಾಡಿದ, ಬೆಳಿಗ್ಗೆ 9ರಿಂದ 11 ಅಲ್ವಾ ಅಂತ ನಿನ್ನೆ ಕಳಿಸಿದೆ. ವಾಪಸ್ ಬಂದಾಗ ಮುಖ ಕೆಂಪಗಾಗಿತ್ತು. ಕತ್ತಿನ ಹಿಂದೆ ಮುಟ್ಟಿದರೆ ಉರಿ ಅಂತಾನೆ. ಬಾಟಲಿಯಲ್ಲಿ ಮುಕ್ಕಾಲು ನೀರು ಹಾಗೇ ಇತ್ತು. ಸಂಜೆ ತಲೆನೋವು ಅಂತ ಊಟ ಮಾಡದೆ ಮಲಗಿಬಿಟ್ಟ. ಪಕ್ಕದ ಮನೆಯವರು ಜೇಬಲ್ಲಿ ಈರುಳ್ಳಿ ಇಟ್ಟು ಕಳಿಸಿ, ಬಿಸಿಲು ಬಡಿಯಲ್ಲ ಅಂತಾರೆ. ಔಷಧಿ ಅಂಗಡಿಯವರು ಬಿಸಿಲಿಗೆ ಚರ್ಮ ಸುಡದಂತೆ ಹಚ್ಚುವ ಎಸ್‌ಪಿಎಫ್ 50 ಕ್ರೀಮ್ ಕೊಟ್ಟು, ಇದೊಂದೇ ಸಾಕು ಅಂದರು. ಪಾಪುಗೂ ಅದನ್ನೇ ಹಚ್ಚಬಹುದಾ? ಕ್ಯಾಂಪ್ ಬಿಡಿಸಲಾ? ದಯವಿಟ್ಟು ಹೇಳಿ.

ಬ್ರಹ್ಮಪುರದ ಅಮ್ಮ:
ಅಕ್ಕಾ, ಕ್ಯಾಂಪ್ ಬಿಡಿಸಬೇಡಿ, ಟೈಮ್ ಬದಲಿಸಿ. ಕ್ರೀಮ್ ಮಾತು ಆಮೇಲೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಆಫೀಸುಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ದೊಡ್ಡವರಿಗೇ ಹಾಗಿರುವಾಗ ಮಕ್ಕಳನ್ನು 11ರವರೆಗೆ ಬಯಲಲ್ಲಿ ಓಡಿಸುವುದು ಯಾಕೆ? ಹೋದ ವರ್ಷ ನಾವು ನಾಲ್ಕು ಜನ ತಾಯಂದಿರು ಸೇರಿ ಕೋಚ್ ಹತ್ತಿರ ಹೋಗಿ ಕೇಳಿದೆವು, ಮಾರನೇ ವಾರದಿಂದ 6.15ಕ್ಕೆ ಶುರು ಮಾಡಿದರು. ಕೇಳದಿದ್ದರೆ ಯಾರೂ ತಾವಾಗಿ ಬದಲಿಸಲ್ಲ.

ಇನ್ನೊಂದು, ಕಾಲು ನೋಡಿಕೊಳ್ಳಿ. ನನ್ನ ಮಗಳು ಐದು ವರ್ಷದವಳಿದ್ದಾಗ ಒಣಗಿದ ಬಟ್ಟೆ ತರುತ್ತೇನೆ ಅಂತ ಮಧ್ಯಾಹ್ನ ಬರಿಗಾಲಲ್ಲಿ ಅಂಗಳಕ್ಕೆ ಓಡಿದಳು. ನಮ್ಮದು ಶಹಾಬಾದ್ ಫರಸಿ ಕಲ್ಲು ಹಾಸಿದ ಅಂಗಳ. ನಾಲ್ಕು ಹೆಜ್ಜೆ ಹೋಗಿ ಮಧ್ಯದಲ್ಲೇ ನಿಂತು ಕಿರುಚಿದಳು, ಮುಂದೆ ಹೋಗೋಕೂ ಆಗ್ತಿಲ್ಲ, ಹಿಂದೆ ಬರೋಕೂ ಆಗ್ತಿಲ್ಲ. ಎತ್ತಿಕೊಂಡು ಬರುವಷ್ಟರಲ್ಲಿ ಎರಡೂ ಅಂಗಾಲು ಬೊಬ್ಬೆ. ಅವತ್ತಿನಿಂದ ನಾನು ನೆಲದ ಮೇಲೆ ಅಂಗೈ ಇಟ್ಟು ಐದು ಎಣಿಸುತ್ತೇನೆ. ನನ್ನ ಕೈ ತಡೆಯದಿದ್ದರೆ ಮಕ್ಕಳನ್ನು ಇಳಿಸಲ್ಲ. ಪಾರ್ಕಿನ ತಗಡಿನ ಜಾರುಬಂಡಿಗೂ ಹಾಗೇ ನೋಡಿ.

ಟೋಪಿ ಇದ್ದರೂ ಕಿವಿ, ಕತ್ತು ಸುಡುತ್ತೆ. ಒದ್ದೆ ದಸ್ತಿ ತಲೆ ಮೇಲೆ ಹಾಕಿ, ಹಿಂದೆ ಇಳಿಬಿಟ್ಟು, ಅದರ ಮೇಲೆ ಟೋಪಿ ಹಾಕಿ. ತೆಳ್ಳನೆಯ ತುಂಬು ತೋಳಿನ ಹತ್ತಿ ಅಂಗಿ ಇರಲಿ.

ಯಾದಗಿರಿ ಸಿಸ್ಟರ್:
ನಾನು ನರ್ಸ್, ಮಕ್ಕಳ ವಾರ್ಡಿನಲ್ಲಿ ಕೆಲಸ. ಮೊದಲು ಕೂಸಿನ ವಿಷಯ. ಆರು ತಿಂಗಳೊಳಗಿನ ಕೂಸಿಗೆ ಈ ಕ್ರೀಮ್ ಹಚ್ಚಬೇಡಿ, ಬಿಸಿಲಿಗೇ ತರಬೇಡಿ. ಸೆಖೆ ಅಂತ ನೀರು ಕುಡಿಸಬೇಡಿ, ಎದೆಹಾಲನ್ನೇ ಜಾಸ್ತಿ ಸಲ ಕೊಡಿ. ಹೊರಗೆ ಹೋಗಲೇಬೇಕಾದರೆ ಛತ್ರಿ ಹಿಡಿಯಿರಿ, ಆದರೆ ಮುಖದ ಮೇಲೆ ದಪ್ಪ ಬಟ್ಟೆ ಮುಚ್ಚಬೇಡಿ, ಒಳಗೆ ಗಾಳಿ ಇಲ್ಲದೆ ಇನ್ನೂ ಕಾಯುತ್ತೆ.

ಮಗನಿಗೆ ಕ್ರೀಮ್ ಹಚ್ಚಿ, ತಪ್ಪಲ್ಲ. ಎಸ್‌ಪಿಎಫ್ 30 ಇದ್ದರೂ ಸಾಕು. ಹೊರಡುವ 15-20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ, ತುಂಬಾ ಬೆವರಿದರೆ ಅದಕ್ಕೂ ಮೊದಲೇ ಮತ್ತೆ ಹಚ್ಚಬೇಕು. ಆದರೆ ಕ್ರೀಮ್ ಚರ್ಮವನ್ನು ಕಾಯುತ್ತೆ ಅಷ್ಟೇ, ಮೈಗೆ ಏರುವ ಕಾವನ್ನು ತಡೆಯಲ್ಲ. ನಿನ್ನೆಯ ತಲೆನೋವು ಆ ಕಾವಿನದೇ ಇರಬಹುದು. ಆಟದ ಗುಂಗಲ್ಲಿ ಮಕ್ಕಳಿಗೆ ಬಾಯಾರಿಕೆ ನೆನಪಾಗಲ್ಲ, 20 ನಿಮಿಷಕ್ಕೊಮ್ಮೆ ಕರೆದು ಕುಡಿಸಬೇಕು. ಓಆರ್‌ಎಸ್ (ನೀರಿಗೆ ಬೆರೆಸುವ ಉಪ್ಪು-ಸಕ್ಕರೆಯ ಪುಡಿ) ಕೊಡುವುದಾದರೆ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ. ಸುಮ್ನೆ ಒಂದು ಲೋಟಕ್ಕೆ ಅಂದಾಜಿನ ಮೇಲೆ ಸುರಿಯಬೇಡಿ.

ಮೈ ಕೆಂಡದಂತೆ ಸುಡುತ್ತಿದ್ದು, ಮಗು ತೊದಲಿದರೆ, ಏನೇನೋ ಮಾತಾಡಿದರೆ, ಫಿಟ್ಸ್ ಬಂದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈ ತುಂಬಾ ನೀರು ಹಾಕಿ ಗಾಳಿ ಬೀಸಿ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ನೀರು ಹಾಕಬಾರದು. ಉಳ್ಳಾಗಡ್ಡಿ ಜೇಬಲ್ಲಿದ್ದರೆ ಏನೂ ಆಗಲ್ಲ, ಅದನ್ನು ನಂಬಿ ನೀರು ಮರೆಯಬೇಡಿ. ಇವತ್ತು, ನಾಳೆ ಮಗನನ್ನು ಮನೆಯಲ್ಲೇ ಇಟ್ಟುಕೊಳ್ಳಿ.

ಬೀದರ್ ಕಾಕಾ:
ತಂಗಿ, ಸಿಸ್ಟರ್ ಹೇಳಿದ್ದೆಲ್ಲ ಸರಿ. ಆದರೆ ಹೆದರಿ ಹುಡುಗನನ್ನು ಇಡೀ ಬೇಸಿಗೆ ಟಿವಿ ಮುಂದೆ ಕೂರಿಸಬೇಡ. ಹೊತ್ತು ಇಳಿದ ಮೇಲೆ ಬಿಡು, ಬೇವಿನ ಗಿಡದ ಕೆಳಗೆ ಆಡಲಿ. ಬಂದ ಮೇಲೆ ಫ್ರಿಜ್ ನೀರು ಬೇಡ, ಮಣ್ಣಿನ ಹರವಿ ನೀರು ಕೊಡು. ಬೆಳಿಗ್ಗೆ ಮಜ್ಜಿಗೆ ಹಾಕಿದ ಜೋಳದ ಅಂಬಲಿ ಒಂದು ಲೋಟ ಕುಡಿಸಿ ಕಳಿಸು. ನನ್ನ ಮೊಮ್ಮಕ್ಕಳು ಮೊದಲು ಮುಖ ಸಿಂಡರಿಸುತ್ತಿದ್ದರು, ಈಗ ಅವರೇ ಕೇಳುತ್ತಾರೆ.

ಶಿವಮೊಗ್ಗದಿಂದ ಬಂದವಳು:
ಅಕ್ಕಾ, ಸಿಸ್ಟರ್, ಕಾಕಾ, ತುಂಬಾ ಥ್ಯಾಂಕ್ಸ್. ಕೋಚ್ ಹತ್ತಿರ ಮಾತಾಡಿದೆ. ಇನ್ನೂ ಮೂವರು ತಾಯಂದಿರು ಜೊತೆಗೆ ಬಂದರು. ಸೋಮವಾರದಿಂದ 6.30ರಿಂದ 8. ಕ್ಯಾಂಪಿನ ಕಪ್ಪು ಪಾಲಿಯೆಸ್ಟರ್ ಜೆರ್ಸಿ ಬದಲು ಬಿಳಿ ಹತ್ತಿ ಅಂಗಿ ಹಾಕಬಹುದಾ ಅಂತ ಕೇಳಿದ್ದಕ್ಕೂ ಒಪ್ಪಿದರು. ಮಗನ ತಲೆನೋವು ಹೋಗಿದೆ, ಕತ್ತಿನ ಉರಿಗೆ ತಣ್ಣೀರು ಬಟ್ಟೆ ಇಡುತ್ತಿದ್ದೇನೆ. ಕಾಕಾ, ಅಂಬಲಿಗೆ ಹಿಟ್ಟನ್ನು ಹಿಂದಿನ ರಾತ್ರಿಯೇ ಕಲಸಿಡಬೇಕಾ?