ತಿಂಗಳಿಗೊಮ್ಮೆ ಬರುವ ಜ್ವರ: ಕಂಡವರು ಹೇಳಿ

ಕೇಳಿದವರು: ಹೊಸನಗರ ತಾಲೂಕಿನ ಒಬ್ಬ ತಾಯಿ

ನಮ್ಮ ಪಾಪುಗೆ ಎರಡೂವರೆ ವರ್ಷ. ದೀಪಾವಳಿ ಕಳೆದ ಮೇಲಿಂದ ತಿಂಗಳಿಗೊಮ್ಮೆ ಜ್ವರ ಬರ್ತಿದೆ. ನೆಗಡಿ ಇಲ್ಲ, ಕೆಮ್ಮು ಇಲ್ಲ. ಸಂಜೆವರೆಗೆ ಅಂಗಳದಲ್ಲಿ ಕರುವಿನ ಹಿಂದೆ ಓಡಾಡಿಕೊಂಡಿದ್ದವನು ರಾತ್ರಿ ಮೈ ಮುಟ್ಟಿದ್ರೆ ಸುಡ್ತಿರ್ತಾನೆ. 103, 104 ಡಿಗ್ರಿ. ನಾಲ್ಕೈದು ದಿನ ಇದ್ದು ತಾನಾಗೇ ಬಿಡುತ್ತೆ. ಹೋದಾಗಲೆಲ್ಲ ಆಂಟಿಬಯಾಟಿಕ್ ಕೊಡ್ತಾರೆ. ಡೆಂಗಿ, ಟೈಫಾಯ್ಡ್, ಮಲೇರಿಯಾ ಎಲ್ಲ ನೆಗೆಟಿವ್. ಅತ್ತೆ ದೃಷ್ಟಿ ಅಂತಾರೆ, ಯಜಮಾನರು ಬೆಂಗಳೂರಿಗೇ ಹೋಗಿಬಿಡೋಣ ಅಂತಾರೆ. ನನಗಂತೂ ಕ್ಯಾಲೆಂಡರ್ ನೋಡಿದ್ರೆ ಹೊಟ್ಟೆ ತೊಳಸುತ್ತೆ. ನಿಮ್ಮ ಮನೆಗಳಲ್ಲಿ ಯಾವ ಮಗುವಿಗಾದ್ರೂ ಹೀಗಾಗಿತ್ತಾ? ಏನು ಮಾಡಿದ್ರಿ?

ಶಿವಮೊಗ್ಗ, ವಿನೋಬನಗರದಿಂದ

ಮೂತ್ರ ಪರೀಕ್ಷೆ ಆಗಿದ್ಯಾ? ನೀವು ಬರೆದ ಪಟ್ಟಿಯಲ್ಲಿ ಅದಿಲ್ಲ. ನಮ್ಮ ಮಗಳಿಗೂ ನೆಗಡಿ ಕೆಮ್ಮು ಏನೂ ಇಲ್ಲದ ಬರೀ ಜ್ವರ ಬರ್ತಿತ್ತು, ರಕ್ತ ತೆಗೆದೂ ತೆಗೆದೂ ಸಾಕಾಗಿತ್ತು. ಕಡೆಗೆ ಮೂತ್ರದ ಕಲ್ಚರ್ (ಮೂತ್ರದಲ್ಲಿ ರೋಗಾಣು ಬೆಳೆಯುತ್ತಾ ಅಂತ ನೋಡೋ ಪರೀಕ್ಷೆ) ಮಾಡಿಸಿದಾಗ ಸೋಂಕು ಗೊತ್ತಾಯ್ತು. ಈ ವಯಸ್ಸಿನ ಮಕ್ಕಳಿಗೆ ಉರಿ ಅಂತ ಹೇಳಕ್ಕೆ ಬರಲ್ಲ, ಜ್ವರ ಒಂದೇ ಕಾಣೋದು. ಆಂಟಿಬಯಾಟಿಕ್‌ನ ಮೊದಲ ಡೋಸ್ ಬೀಳೋಕೆ ಮುಂಚೆ ಮಾದರಿ ತೆಗೀಬೇಕು, ಬಿದ್ದ ಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಇರಬಹುದು. ಅಂಟಿಸೋ ಚೀಲದಲ್ಲಿ ಹಿಡಿದಿದ್ದು ಚರ್ಮದ ಕೊಳೆ ಸೇರಿ ದಾರಿ ತಪ್ಪಿಸುತ್ತೆ. ತೊಳೆದು ಒರೆಸಿ, ನೀರು ಕುಡಿಸಿ, ಡಬ್ಬಿ ಹಿಡ್ಕೊಂಡು ಕಾಯಿರಿ. ಬೇಜಾರಿನ ಕೆಲಸ, ಆದ್ರೂ ಅದೇ ಸರಿ.

ತೀರ್ಥಹಳ್ಳಿ ಕಡೆಯಿಂದ

ಸ್ವಲ್ಪ ಉದ್ದ ಆಗುತ್ತೆ, ಪಾಪು ಮಲಗಿದ ಮೇಲೆ ಓದಿ.

ನಮ್ಮ ಮಗಳಿಗೆ ಶುರುವಾದಾಗ ಎರಡು ತುಂಬಿತ್ತಷ್ಟೆ. ಇದಕ್ಕೊಂದು ಲೆಕ್ಕ ಇದೆ ಅಂತ ಮೊದಲು ಕಂಡುಹಿಡಿದವರು ಡಾಕ್ಟರಲ್ಲ, ನಮ್ಮ ಅತ್ತೆ. ‘ಇದು ಅಮಾಸೆ ಜ್ವರ ಕಣೇ’ ಅಂದ್ರು. ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ, ದನ ಗಬ್ಬ ಆದ ದಿನ, ಆಳುಗಳು ಬಂದ ದಿನ ಎಲ್ಲ ಬರೆದಿಡೋದು ಅವರ ಅಭ್ಯಾಸ. ಅದರ ಮಧ್ಯದಲ್ಲೇ ಮೊಮ್ಮಗಳ ಜ್ವರಕ್ಕೂ ಒಂದು ಸುತ್ತು ಹಾಕಿಟ್ಟಿದ್ರು. ನಾನು ಆ ಹಾಳೆಗಳ ಫೋಟೋ ತೆಗೆದು ಮಕ್ಕಳ ಡಾಕ್ಟರಿಗೆ ತೋರಿಸಿದೆ. ಅವರು ರಿಪೋರ್ಟಿನ ಕಂತೆ ಪಕ್ಕಕ್ಕಿಟ್ಟು ಆ ಫೋಟೋಗಳನ್ನೇ ಹಿಂದೆ ಮುಂದೆ ಸರಿಸಿ ನೋಡಿದ್ರು. ಆಮೇಲಿನ ತಿಂಗಳುಗಳಲ್ಲಿ ಜ್ವರ ಅಮಾವಾಸ್ಯೆಗಿಂತ ಹಿಂದೆ ಸರೀತಾ ತ್ರಯೋದಶಿ, ಏಕಾದಶಿ ಕಡೆ ಹೋಯ್ತು. ಯಾಕಂದ್ರೆ ಅದು ಬರ್ತಿದ್ದದ್ದು ಹೆಚ್ಚುಕಮ್ಮಿ ನಾಲ್ಕು ವಾರಕ್ಕೆ, ಚಾಂದ್ರಮಾನದ ತಿಂಗಳು ಅದಕ್ಕಿಂತ ಒಂದೂವರೆ ದಿನ ಉದ್ದ. ಅಮಾವಾಸ್ಯೆ ತಪ್ಪಿತು, ಲೆಕ್ಕ ತಪ್ಪಲಿಲ್ಲ. ಅತ್ತೆಗೆ ಮಾತ್ರ ಇವತ್ತಿಗೂ ಅದು ಅಮಾಸೆ ಜ್ವರವೇ, ಇರಲಿ ಬಿಡಿ.

ಡಾಕ್ಟರ್ ಹೇಳಿದ ಹೆಸರು ಪಿಎಫ್‌ಎಪಿಎ. 1987ರಲ್ಲಿ ಮೊದಲು ವರದಿಯಾದದ್ದಂತೆ. ಸಾಮಾನ್ಯವಾಗಿ ಐದು ವರ್ಷದೊಳಗೆ ಶುರುವಾಗುತ್ತೆ. ಮೂರರಿಂದ ಆರು ದಿನ ಜೋರು ಜ್ವರ, ಮೂರರಿಂದ ಆರು ವಾರಕ್ಕೊಮ್ಮೆ ಮತ್ತೆ. ಜೊತೆಗೆ ಗಂಟಲು ಕೆಂಪಾಗೋದು, ಬಾಯಲ್ಲಿ ಸಣ್ಣ ಹುಣ್ಣು, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಒಂದಾದ್ರೂ ಇರುತ್ತೆ. ನಿಮ್ಮ ಮಗುವಿನ ಬಾಯಿ ಟಾರ್ಚ್ ಹಿಡಿದು ನೋಡಿದ್ದೀರಾ? ತುಟಿ ಒಳಗಡೆ, ಕೆನ್ನೆ ಒಳಗಡೆ? ನಮ್ಮವಳು ಜ್ವರದಲ್ಲಿ ಸಾರು ಅನ್ನ ದೂಡ್ತಿದ್ದದ್ದು ಹಟಕ್ಕಲ್ಲ, ಹುಣ್ಣಿಗೆ ಖಾರ ತಾಗಿ.

ಆದ್ರೆ ಒಂದು ವಿಷಯ. ಇದಕ್ಕೆ ‘ಹೌದು’ ಅಂತ ಹೇಳೋ ಪರೀಕ್ಷೆ ಯಾವುದೂ ಇಲ್ಲ. ಬೇರೆದನ್ನೆಲ್ಲ ಒಂದೊಂದೇ ತಳ್ಳಿಹಾಕಿ, ಉಳಿದದ್ದು ಇದು ಅಂತ ತೀರ್ಮಾನ ಮಾಡ್ತಾರೆ. ಹಾಗಾಗಿ ನಾನು ಬರೆದದ್ದು ಓದಿ ಮನೇಲೇ ಹೆಸರಿಟ್ಟುಕೊಂಡು ಕೂರಬೇಡಿ. ತಳ್ಳಿಹಾಕಲೇಬೇಕಾದ ಒಂದು ಅಂದ್ರೆ ಬಿಳಿ ರಕ್ತಕಣ ಸುಮಾರು 21 ದಿನಕ್ಕೊಮ್ಮೆ ಕುಸಿಯೋ ಕಾಯಿಲೆ. ಅದು ಅಪರೂಪ, ಆದ್ರೆ ಬಿಟ್ಟರೆ ಅಪಾಯ. ಅದನ್ನ ಹಿಡಿಯೋಕೆ ಜ್ವರ ಇಲ್ಲದ ದಿನವೂ ರಕ್ತ ನೋಡಬೇಕು. ಅನುಮಾನ ಗಟ್ಟಿ ಇದ್ರೆ ವಾರಕ್ಕೆ ಎರಡು ಮೂರು ಸಲದಂತೆ ಆರು ವಾರ ನೋಡ್ತಾರೆ. ಮಗು ನಗ್ತಾ ಆಡ್ತಾ ಇರೋ ದಿನ ಸೂಜಿ ಚುಚ್ಚಿಸೋಕೆ ಕರ್ಕೊಂಡು ಹೋಗೋದು ಎಷ್ಟು ಸಂಕಟ ಅಂದ್ರೆ ಹೇಳಕ್ಕಾಗಲ್ಲ. ಮನೆಯವರೆಲ್ಲ ‘ಚೆನ್ನಾಗಿದ್ದಾಳಲ್ಲ, ಸುಮ್ನೆ ಯಾಕೆ ಕಾಡಿಸ್ತೀಯ’ ಅಂದ್ರು. ನಾನು ಹೋದೆ. ಮೈಯೊಳಗೆ ಉರಿಯೂತ ಎಷ್ಟಿದೆ ಅಂತ ತೋರಿಸೋ ಸಿಆರ್‌ಪಿ ಅನ್ನೋ ರಕ್ತ ಪರೀಕ್ಷೆನೂ ಹಾಗೇ, ಜ್ವರದಲ್ಲಿ ಏರಿದ್ದು ಆಚೆ ಇಳಿದಿದೆಯಾ ಅಂತ ನೋಡಬೇಕು. ಬರೀ ಜ್ವರದ ದಿನದ ರಿಪೋರ್ಟ್ ಅರ್ಧ ಕಥೆ ಅಷ್ಟೆ.

ಅದಕ್ಕೇ ಹೇಳೋದು, ಬೆಂಗಳೂರೋ ಮಣಿಪಾಲವೋ ಆಮೇಲೆ ನೋಡೋಣ, ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಜ್ವರ ಯಾವತ್ತು ಎಷ್ಟು ಹೊತ್ತಿಗೆ ಶುರು, ಥರ್ಮಾಮೀಟರ್‌ನಲ್ಲಿ ಎಷ್ಟು (ಕೈ ಮುಟ್ಟಿ ನೋಡಿದ್ದು ಲೆಕ್ಕಕ್ಕಿಲ್ಲ), ಯಾವ ಔಷಧ ಎಷ್ಟು ಎಂಎಲ್, ಬಾಯಿ, ಗಂಟಲು, ಮೈ ಮೇಲಿನ ದದ್ದು, ಕೀಲು ಊತ, ಬೇಧಿ, ಮನೇಲಿ ಬೇರೆ ಯಾರಿಗಾದ್ರೂ ಇತ್ತಾ. ಜೊತೆಗೆ ತೂಕ, ಎತ್ತರ. ಅಂಗನವಾಡಿಯ ತಾಯಿ ಕಾರ್ಡಿನಲ್ಲಿ ಗೆರೆ ಏರ್ತಾ ಇದ್ದು, ಜ್ವರ ಬಿಟ್ಟ ದಿನಗಳಲ್ಲಿ ಮಗು ಪೂರ್ತಿ ಮೊದಲಿನ ಹಾಗೇ ಆದ್ರೆ ಅದೇ ದೊಡ್ಡ ಧೈರ್ಯ. ತೂಕ ನಿಂತರೆ, ಕೀಲು ಊದಿದರೆ, ಜ್ವರದ ಮಧ್ಯದ ದಿನಗಳಲ್ಲೂ ಸಪ್ಪಗಿದ್ರೆ, ಆಗ ದೊಡ್ಡ ಆಸ್ಪತ್ರೆಗೆ ತಡಮಾಡದೆ ಹೋಗಿ.

ಇನ್ನೊಂದು, ಲೆಕ್ಕ ಗೊತ್ತಿದೆ ಅಂತ ಪ್ರತಿ ಜ್ವರವನ್ನೂ ಅದೇ ಅಂದ್ಕೋಬೇಡಿ. ಐದು ದಿನ ದಾಟಿಯೂ ಇಳಿಯದ ಜ್ವರ, ಕೀವಿಲ್ಲದೆ ಕೆಂಪಾದ ಕಣ್ಣು, ಒಡೆದ ಕೆಂಪು ತುಟಿ, ದದ್ದು, ಊದಿದ ಕೈಕಾಲು ಕಂಡರೆ ಕವಾಸಾಕಿ ಅನ್ನೋ ಕಾಯಿಲೆ ಇರಬಹುದು. ಅದು ಹೃದಯದ ರಕ್ತನಾಳಕ್ಕೆ ತೊಂದರೆ ಮಾಡುತ್ತೆ, ಹತ್ತು ದಿನದೊಳಗೆ ಚಿಕಿತ್ಸೆ ಆಗಬೇಕು.

ನಮ್ಮವಳಿಗೆ ಆಮೇಲೆ ಜ್ವರ ಬಂದಾಗ ಡಾಕ್ಟರ್ ಅಳೆದು ಕೊಟ್ಟ ಒಂದೇ ಡೋಸ್ ಸ್ಟೆರಾಯ್ಡ್‌ನಲ್ಲಿ ರಾತ್ರಿ ಕಳೆಯೋದ್ರೊಳಗೆ ಇಳೀತು. ಕೆಲವರಿಗೆ ಅದರಿಂದ ಮುಂದಿನ ಜ್ವರ ಬೇಗ ಬರುತ್ತೆ ಅಂತ ಮೊದಲೇ ಹೇಳಿದ್ರು, ಹಾಗೇ ಆಯ್ತು. ಹಾಗಾಗಿ ಮದುವೆ, ಪ್ರಯಾಣ ಇದ್ದಾಗ ಮಾತ್ರ ಅವರನ್ನ ಕೇಳಿ ಕೊಡ್ತಿದ್ವಿ. ಸ್ಟೆರಾಯ್ಡ್ ಅಂಗಡಿಯಲ್ಲಿ ತಗೊಂಡು ನೀವೇ ಕೊಡೋ ವಸ್ತುವಲ್ಲ. ಈಗ ಶಾಲೆಗೆ ಹೋಗ್ತಾಳೆ, ಜ್ವರದ ನಡುವಿನ ಅಂತರ ಉದ್ದ ಆಗ್ತಾ ಆಗ್ತಾ ಮರೆತೇ ಹೋಗಿದೆ.

ಸಾಗರ ತಾಲೂಕಿನಿಂದ

ಮೇಲಿನವರು ಹೇಳಿದ್ದು ಸರಿ. ಆದರೆ ನಾವಿರೋದು ಮಲೆನಾಡು, ತಿಂಗಳ ಲೆಕ್ಕದ ಜ್ವರ ಅಂದ್ಕೊಂಡು ಕೂತಾಗಲೇ ಬೇರೆ ಜ್ವರ ಒಳಗೆ ಬಂದಿರುತ್ತೆ. ಕ್ಯಾಸನೂರು ಕಾಡು ನಮ್ಮ ಸೊರಬ ತಾಲೂಕಿನದೇ, 1957ರಲ್ಲಿ ಮಂಗನ ಕಾಯಿಲೆ ಗೊತ್ತಾಗಿದ್ದು ಅಲ್ಲಿಂದ. 2018-19ರಲ್ಲಿ ನಮ್ಮ ಅರಲಗೋಡು ಭಾಗ ಪಟ್ಟ ಪಾಡು ನೋಡಿದವರು ಮರೆಯಲ್ಲ. ಚಳಿಗಾಲದಿಂದ ಮಳೆ ಹಿಡಿಯೋವರೆಗೆ ಅದರ ಕಾಲ. ಅದು ಹರಡೋದು ಉಣುಗು (ಉಣ್ಣೆ) ಕಚ್ಚಿ. ಮಗು ಕಾಡಿಗೆ ಹೋಗಲ್ಲ ನಿಜ, ಆದ್ರೆ ಕೊಟ್ಟಿಗೆಗೆ ಕಾಡಿಂದ ದರಗು (ಒಣ ಎಲೆ) ತರ್ತೀವಲ್ಲ, ಕಾಡಲ್ಲಿ ಮೇದು ಬಂದ ದನದ ಮೈಯಲ್ಲಿ ಉಣುಗು ಬರುತ್ತಲ್ಲ. ನಿಮ್ಮ ಪಾಪು ಕರುವಿನ ಹಿಂದೆ ಓಡಾಡ್ತಾನೆ ಅಂದ್ರಿ, ಅದಕ್ಕೇ ಬರೀತಿರೋದು. ಆ ಕಾಲದಲ್ಲಿ ದರಗಿನ ರಾಶಿ ಹತ್ರ ಬಿಡಬೇಡಿ, ಸಂಜೆ ಬಿಸಿನೀರು ಹಾಕುವಾಗ ಕಂಕುಳು, ತೊಡೆಸಂದು, ಕಿವಿ ಹಿಂದೆ ನೋಡಿ. ಹಾಗೆ ನೋಡುವಾಗ ಬೆಂಕಿ ಕಿಡಿ ತಾಗಿದ ಹಾಗಿನ ಕಪ್ಪು ಹಕ್ಕಳೆ ಕಂಡರೆ ಡಾಕ್ಟರಿಗೆ ತೋರಿಸಿ. ಅದು ಸಣ್ಣ ಹುಳ ಕಚ್ಚಿ ಬರೋ ಸ್ಕ್ರಬ್ ಟೈಫಸ್ ಅನ್ನೋ ಜ್ವರ ಇರಬಹುದು, ನೆಗಡಿ ಕೆಮ್ಮಿಗೆ ಕೊಡೋ ಮಾಮೂಲಿ ಆಂಟಿಬಯಾಟಿಕ್‌ಗೆಲ್ಲ ಬಗ್ಗಲ್ಲ.

ಸುತ್ತಮುತ್ತ ಮಂಗ ಸತ್ತಿದ್ರೆ ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ಮಗುವಿನ ಜ್ವರದ ಜೊತೆ ಡಾಕ್ಟರಿಗೆ ಇದನ್ನೂ ಹೇಳಿ. ರಕ್ತ ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಕಳಿಸ್ತಾರೆ. ಮಂಗನ ಕಾಯಿಲೆಯಲ್ಲೂ ಕೆಲವರಿಗೆ ಒಮ್ಮೆ ಬಿಟ್ಟ ಜ್ವರ ಒಂದೆರಡು ವಾರಕ್ಕೆ ಮರಳುತ್ತೆ, ಆಗ ತಲೆನೋವು, ಮಂಪರು ಜೊತೆಗಿರುತ್ತೆ. ‘ಬಂದು ಹೋಗೋ ಜ್ವರ’ ಅಂದ ಕೂಡಲೇ ಎಲ್ಲ ಒಂದೇ ಅಲ್ಲ.

ಕೊಪ್ಪದಿಂದ, ಒಬ್ಬ ಅಪ್ಪ

ಜ್ವರ ಏರುವಾಗ ಫಿಟ್ಸ್ ಬರಬಹುದು, ಅದಕ್ಕೆ ತಯಾರಿರಿ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಆಗುತ್ತೆ. ನಮ್ಮ ಮಗನಿಗೆ ಮಳೆಗಾಲದ ರಾತ್ರಿ ಬಂತು, ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಬೇಕಂದ್ರೆ ತೋಟದ ದಿಬ್ಬ ಹತ್ತಬೇಕು. ಒಬ್ಬರು ಕೈಗೆ ಕಬ್ಬಿಣ ಹಿಡಿಸಿ ಅಂದ್ರು, ಇನ್ನೊಬ್ಬರು ಬಾಯಿಗೆ ಚಮಚ ಅಂದ್ರು. ಎರಡೂ ಬೇಡ. ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಬಹುತೇಕ ಕೆಲವೇ ನಿಮಿಷದಲ್ಲಿ ನಿಲ್ಲುತ್ತೆ. ಐದು ನಿಮಿಷ ದಾಟಿದ್ರೆ ಅಥವಾ ಮತ್ತೆ ಬಂದ್ರೆ ಗಾಡಿ ಹತ್ತಿಸಿ. ಮೊದಲ ಸಲವಾದ್ರೆ ನಿಂತ ಮೇಲೂ ತೋರಿಸಿ.

ಮತ್ತೆ, ದೊಡ್ಡವರು ಹೊಟ್ಟೆಗೆ ಬರೆ ಹಾಕಿಸೋಣ ಅಂದ್ರೆ ಬಾಗಿಲಲ್ಲೇ ನಿಲ್ಲಿಸಿ. ದೃಷ್ಟಿ ತೆಗೀಲಿ, ತಾಯತ ಕಟ್ಟಲಿ, ಮಗುವಿಗೇನೂ ನಷ್ಟವಿಲ್ಲ. ಸುಡೋದು ಬೇರೆ ಮಾತು.

ಭದ್ರಾವತಿಯಿಂದ

ಟಾನ್ಸಿಲ್ ತೆಗೆಸಿಬಿಡಿ. ನಮ್ಮ ತಂಗಿ ಮಗನಿಗೆ ಅದಾದ ಮೇಲೆ ಜ್ವರ ನಿಂತೇ ಹೋಯ್ತು. ಇಷ್ಟೆಲ್ಲ ಬರೆಯೋ ಕಿರಿಕಿರಿನೇ ಇಲ್ಲ.

ತೀರ್ಥಹಳ್ಳಿ ಕಡೆಯಿಂದ

ಪಿಎಫ್‌ಎಪಿಎ ಆಗಿದ್ರೆ ಟಾನ್ಸಿಲ್ ತೆಗೆಸಿ ಎಷ್ಟೋ ಮಕ್ಕಳಿಗೆ ನಿಂತಿದೆ, ಒಪ್ಪುತ್ತೇನೆ. ಆದರೆ ಎರಡೂವರೆ ವರ್ಷದ ಮಗು, ಹೆಸರು ಇನ್ನೂ ಗೊತ್ತಿಲ್ಲ, ಅರಿವಳಿಕೆ ಕೊಟ್ಟು ಮಾಡೋ ಆಪರೇಷನ್. ತಾನಾಗಿ ಹೋಗೋ ಕಾಯಿಲೆಗೆ ಅದು ಮೊದಲ ಹೆಜ್ಜೆ ಅಲ್ಲ. ಆ ನಿರ್ಧಾರಕ್ಕೂ ನೋಟ್‌ಬುಕ್ ಬೇಕಲ್ಲ ಸ್ವಾಮಿ, ಎಷ್ಟು ಸಲ ಬಂತು ಅಂತ ಸರ್ಜನ್ ಕೇಳೇ ಕೇಳ್ತಾರೆ.

ಶೃಂಗೇರಿ ಹತ್ತಿರದಿಂದ

ನಮ್ಮ ಮಗನಿಗೆ ಹೆಸರೇ ಸಿಗಲಿಲ್ಲ. ಬಾಯಿ ಹುಣ್ಣು ಇಲ್ಲ, ಗಂಟಲು ಸರಿ, ಲೆಕ್ಕವೂ ಸರಿ ಇಲ್ಲ, ಒಮ್ಮೆ ಮೂರು ವಾರ, ಒಮ್ಮೆ ಎರಡು ತಿಂಗಳು. ಘಟ್ಟ ಇಳಿದು ಮಣಿಪಾಲಕ್ಕೂ ಹೋಗಿ ಬಂದ್ವಿ. ‘ಬೆಳವಣಿಗೆ ಚೆನ್ನಾಗಿದೆ, ಕಾದು ನೋಡೋಣ’ ಅಂದ್ರು. ಅಷ್ಟು ದೂರ ಹೋಗಿ ಆ ಮಾತು ಕೇಳಿದಾಗ ಸಿಟ್ಟು ಬಂತು. ನಾಲ್ಕು ತುಂಬೋ ಹೊತ್ತಿಗೆ ಜ್ವರ ಬರೋದು ನಿಂತಿತು, ಯಾಕೆ ಬಂತು ಯಾಕೆ ಹೋಯ್ತು ಇವತ್ತಿಗೂ ಗೊತ್ತಿಲ್ಲ.

ನಮಗೆ ಕಾಯಿಲೆಗಿಂತ ಹೆಚ್ಚು ಕಷ್ಟ ಆಗಿದ್ದು ಮನೆಯೊಳಗೆ. ಬಂದವರೆಲ್ಲ ‘ಏನು ತಿನ್ನಿಸಿದ್ರಿ’ ಅಂತ ಹೆಂಡತಿಯನ್ನೇ ಕೇಳೋರು. ಕೊಯ್ಲಿನ ಸಮಯ, ಅಡಿಕೆ ಬೇಯಿಸೋ ಒಲೆ ಮುಂದೆ ನಾನು, ಒಳಗೆ ಮಗು ಎತ್ತಿಕೊಂಡು ಅವಳೊಬ್ಬಳೇ. ಆಮೇಲೆ ಒಂದು ಕ್ರಮ ಮಾಡ್ಕೊಂಡ್ವಿ: ನಡುರಾತ್ರಿ ತನಕ ಅವಳು, ಆಮೇಲೆ ನಾನು, ಜ್ವರದ ದಿನಗಳಲ್ಲಿ ನೆಂಟರಿಗೆ ಫೋನ್ ಎತ್ತೋದು ನಮ್ಮಮ್ಮ. ಯಜಮಾನರಿಗೆ ಇದನ್ನ ಓದಿಸಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಈಗಷ್ಟೇ ಟಾರ್ಚ್ ಹಾಕಿ ನೋಡಿದೆ, ಈಗೇನೂ ಇಲ್ಲ, ಮುಂದಿನ ಸಲ ನೋಡ್ತೀನಿ. ಮೂತ್ರ ಪರೀಕ್ಷೆ ಆಗೇ ಇಲ್ಲ. ಎರಡು ಪ್ರಶ್ನೆ. ಮನೇಲಿ ಪ್ಯಾರಾಸಿಟಮಾಲ್ ಮೂರು ಥರ ಬಾಟಲಿ ಸೇರಿವೆ, ಎಷ್ಟು ಕೊಡೋದು? ಜ್ವರ ಬಿಟ್ಟ ಮೇಲೆ ಅಂಗನವಾಡಿಗೆ ಕಳಿಸಬಹುದಾ?

ತೀರ್ಥಹಳ್ಳಿ ಕಡೆಯಿಂದ

ಬಾಟಲಿ ಮೇಲಿನ ಸಣ್ಣ ಅಕ್ಷರ ಓದಿ. 5 ಎಂಎಲ್‌ಗೆ 120 ಮಿಗ್ರಾಂ ಇರೋದಿದೆ, 250 ಇರೋದಿದೆ, ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಒಂದು ಕೆಜಿಗೆ 15 ಮಿಗ್ರಾಂ ಅಂತ ಹಿಡಿದ್ರೆ 12 ಕೆಜಿ ಮಗುವಿಗೆ ಒಂದು ಸಲಕ್ಕೆ 180. ಅದು ಮೊದಲನೆಯದ್ರಲ್ಲಿ ಏಳೂವರೆ ಎಂಎಲ್, ಎರಡನೆಯದ್ರಲ್ಲಿ ಮೂರೂವರೆಯಷ್ಟು, ಡ್ರಾಪ್ಸ್‌ನಲ್ಲಿ ಎರಡಕ್ಕೂ ಕಡಿಮೆ. ಬಾಟಲಿ ಅದಲು ಬದಲಾದ್ರೆ ಏನಾಗುತ್ತೆ ನೀವೇ ನೋಡಿ. ಒಂದೇ ಬಾಟಲಿ ಇಟ್ಕೊಂಡು ಉಳಿದೆರಡು ಬಿಸಾಡಿ, ತೂಕ ಹೇಳಿ ನಿಮ್ಮ ಡಾಕ್ಟರ್ ಹತ್ರ ಎಂಎಲ್ ಬರೆಸಿಕೊಂಡು ಅದರ ಮೇಲೇ ಅಂಟಿಸಿ. ಎರಡು ಡೋಸ್ ಮಧ್ಯೆ ನಾಲ್ಕರಿಂದ ಆರು ಗಂಟೆ ಬಿಡಿ, ದಿನಕ್ಕೆ ನಾಲ್ಕು ಸಲ ಮೀರಬೇಡಿ. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಕೊಡಲೇಬೇಡಿ. ಡೆಂಗಿ, ಮಂಗನ ಕಾಯಿಲೆ ಓಡಾಡೋ ಕಾಲದಲ್ಲಿ ಐಬುಪ್ರೊಫೆನ್ ಕೂಡ ಡಾಕ್ಟರನ್ನ ಕೇಳದೆ ಬೇಡ.

ಅಂಗನವಾಡಿಗೆ ಧಾರಾಳವಾಗಿ ಕಳಿಸಿ, ಪಿಎಫ್‌ಎಪಿಎ ಆದ್ರೆ ಅಂಟೋದಲ್ಲ. ಅಲ್ಲಿಗೆ ಹೋಗೋ ಮಕ್ಕಳಿಗೆ ವರ್ಷಕ್ಕೆ ಏಳೆಂಟು ಸಲ ಮಾಮೂಲಿ ನೆಗಡಿ ಜ್ವರ ಬಂದೇ ಬರುತ್ತೆ. ಅದನ್ನೂ ನೋಟ್‌ಬುಕ್‌ನಲ್ಲಿ ಬರೀರಿ, ಬೇರೆ ಬಣ್ಣದ ಪೆನ್ನಲ್ಲಿ.