ರಾಷ್ಟ್ರಕ್ಕೆ ಸಿಗುವುದು ‘ಮಾನ್ಯತೆ’ಯೋ, ‘ಮನ್ನಣೆ’ಯೋ, ‘ಅಂಗೀಕಾರ’ವೋ?

ಆತ್ಮೀಯರೆ,

ಬಾಂಗ್ಲಾದೇಶವು 1971ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಮೇಲೆ ಇತರ ದೇಶಗಳ ಒಪ್ಪಿಗೆಗಾಗಿ ನಡೆಸಿದ ರಾಜತಾಂತ್ರಿಕ ಪ್ರಯತ್ನಗಳ ಕುರಿತು ಒಂದು ದೀರ್ಘ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ಒಂದು ಪರಿಕಲ್ಪನೆಗೆ ಯಾವ ಪದವನ್ನು ನಿಲ್ಲಿಸಿಕೊಳ್ಳಬೇಕು ಎಂಬುದು ನನ್ನ ಪ್ರಶ್ನೆ. ಹೊಸದಾಗಿ ಹುಟ್ಟಿದ ದೇಶವೊಂದನ್ನು ಮತ್ತೊಂದು ದೇಶವು ತನಗೆ ಸರಿಸಮಾನವಾದ ದೇಶವೆಂದು ಒಪ್ಪಿ, ಇನ್ನು ಮುಂದೆ ಹಾಗೆಯೇ ವ್ಯವಹರಿಸುವುದಾಗಿ ತಿಳಿಸುವ ಕ್ರಿಯೆಯನ್ನು ಇಂಗ್ಲಿಷಿನವರು ರೆಕಗ್ನಿಶನ್ ಎನ್ನುತ್ತಾರೆ. ಕನ್ನಡದ ಪತ್ರಿಕೆಗಳಲ್ಲೂ ಪಠ್ಯಗಳಲ್ಲೂ ಇದಕ್ಕೆ ಮಾನ್ಯತೆ, ಮನ್ನಣೆ, ಅಂಗೀಕಾರ ಎಂಬ ಮೂರು ಪದಗಳು ಹೆಚ್ಚಾಗಿ ಕಾಣಿಸುತ್ತವೆ. ಒಂದೇ ಬರಹದಲ್ಲಿ ಮೂರೂ ಬಂದಿರುವುದುಂಟು. ಬಂಗಾಳಿಯಲ್ಲಿ ಇದಕ್ಕೆ ‘ಸ್ವೀಕೃತಿ’ ಎಂಬ ಪದ ನೆಲೆನಿಂತಿದೆ, ಆದರೆ ನಮ್ಮಲ್ಲಿ ಸ್ವೀಕೃತಿ ಎಂದೊಡನೆ ಅರ್ಜಿ ಕೊಟ್ಟಾಗ ಸಿಗುವ ಚೀಟಿ ನೆನಪಾಗುವುದರಿಂದ ಅದನ್ನು ಎರವಲು ತರುವಂತಿಲ್ಲ. ‘ಗುರುತಿಸು’ ಎಂಬುದು ಮುಖಪರಿಚಯದ ಅರ್ಥದಲ್ಲಿ ಗಟ್ಟಿಯಾಗಿ ಬೇರೂರಿರುವುದರಿಂದ ಅದನ್ನೂ ಬಿಟ್ಟಿದ್ದೇನೆ.

ಮನ್ನಣೆಯನ್ನು ಕೈಬಿಡಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದು ಗೌರವವನ್ನು, ಮೆಚ್ಚುಗೆಯನ್ನು ಹೇಳುವ ಪದ. ವಿಜ್ಞಾನಿಯೊಬ್ಬರಿಗೆ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು ಎಂದರೆ ಸೊಗಸಾಗಿರುತ್ತದೆ. ಆದರೆ 1974ರ ಫೆಬ್ರವರಿ 22ರಂದು ಲಾಹೋರಿನಲ್ಲಿ ಇಸ್ಲಾಮಿಕ್ ದೇಶಗಳ ಶೃಂಗಸಭೆಯ ಹೊತ್ತಿಗೆ ಪಾಕಿಸ್ತಾನದ ಪ್ರಧಾನಿ ಜುಲ್ಫಿಕರ್ ಅಲಿ ಭುಟ್ಟೋ ಅವರು ಬಾಂಗ್ಲಾದೇಶವನ್ನು ಒಪ್ಪಿದಾಗ ಅಲ್ಲಿ ಮೆಚ್ಚುಗೆಯ ಮಾತು ಬರುವುದಿಲ್ಲ. ಪಾಕಿಸ್ತಾನವು ತನ್ನಿಂದ ಒಡೆದು ಹೋದ ಭೂಭಾಗವನ್ನು ಮನಸ್ಸಿಲ್ಲದೆಯೂ ಒಪ್ಪಿಕೊಂಡ ಕ್ರಿಯೆಯದು. ಒಪ್ಪಿಗೆಯಿಲ್ಲದೆ ಆ ಸಭೆಗೆ ಬರುವುದಿಲ್ಲ ಎಂದು ಬಾಂಗ್ಲಾದೇಶದ ನಾಯಕ ಶೇಖ್ ಮುಜಿಬುರ್ ರಹಮಾನ್ ಪಟ್ಟು ಹಿಡಿದಿದ್ದರು. ಘೋಷಣೆಯಾದ ಮರುದಿನ ಅವರು ಲಾಹೋರಿಗೆ ಬಂದರು. ಇಷ್ಟವಿದ್ದರೂ ಇಲ್ಲದಿದ್ದರೂ ನಡೆಯುವ ಇಂಥ ಕ್ರಿಯೆಗೆ ಮನ್ನಣೆ ಎನ್ನುವುದು ಪದಕ್ಕೂ ಅನ್ಯಾಯ, ಇತಿಹಾಸಕ್ಕೂ ಅನ್ಯಾಯ.

ಉಳಿದ ಎರಡರಲ್ಲಿ ಮಾನ್ಯತೆಯೇ ಹೆಚ್ಚು ರೂಢಿಯಲ್ಲಿದೆ, ನನ್ನ ತೊಡಕು ಇರುವುದೂ ಅದರಲ್ಲಿಯೇ. ಶಾಲೆಗೆ ಶಿಕ್ಷಣ ಇಲಾಖೆ ಮಾನ್ಯತೆ ನೀಡುತ್ತದೆ, ರಾಜಕೀಯ ಪಕ್ಷಕ್ಕೆ ಚುನಾವಣಾ ಆಯೋಗ ಮಾನ್ಯತೆ ನೀಡುತ್ತದೆ. ಈ ಬಳಕೆಗಳಲ್ಲೆಲ್ಲ ಕೊಡುವವರು ಮೇಲೆ, ಪಡೆಯುವವರು ಕೆಳಗೆ. ಕೊಡುವ ಅಧಿಕಾರ ಒಂದೇ ಕಡೆ ಇರುತ್ತದೆ ಮತ್ತು ಅದು ಸಿಗದಿದ್ದರೆ ಸಂಸ್ಥೆಯ ಪ್ರಮಾಣಪತ್ರಕ್ಕೆ ಬೆಲೆಯೇ ಇರುವುದಿಲ್ಲ. ದೇಶ ದೇಶಗಳ ನಡುವೆ ಈ ಮೂರೂ ಲಕ್ಷಣಗಳು ಇಲ್ಲ. ಕೊಡುವ ದೇಶವೂ ಪಡೆಯುವ ದೇಶವೂ ಕಾನೂನಿನ ಕಣ್ಣಿನಲ್ಲಿ ಸಮಾನ. ಪ್ರತಿಯೊಂದು ದೇಶವೂ ತನ್ನ ಮಟ್ಟಿಗೆ ತಾನೇ ನಿರ್ಧರಿಸುತ್ತದೆ. ಎಲ್ಲರ ಪರವಾಗಿ ಮುದ್ರೆ ಒತ್ತುವ ಕಚೇರಿ ಎಲ್ಲಿಯೂ ಇಲ್ಲ.

ವಿಶ್ವಸಂಸ್ಥೆಯೇ ಆ ಕಚೇರಿ ಎಂಬ ಭಾವನೆ ಓದುಗರಲ್ಲಿ ಬಲವಾಗಿದೆ, ‘ವಿಶ್ವಸಂಸ್ಥೆಯ ಮಾನ್ಯತೆ’ ಎಂಬ ನುಡಿಗಟ್ಟು ಅದನ್ನು ಇನ್ನಷ್ಟು ಬಲಪಡಿಸುತ್ತದೆ. ವಿಶ್ವಸಂಸ್ಥೆ ಕೊಡುವುದು ಸದಸ್ಯತ್ವವನ್ನು. ಅದರ ಸನ್ನದಿನ 4ನೇ ವಿಧಿಯಂತೆ ಭದ್ರತಾ ಮಂಡಳಿ ಶಿಫಾರಸು ಮಾಡಬೇಕು, ಸಾಮಾನ್ಯ ಸಭೆ ತೀರ್ಮಾನಿಸಬೇಕು. ಬಾಂಗ್ಲಾದೇಶದ ಕಾಲಾನುಕ್ರಮವನ್ನು ನೋಡಿದರೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. 1971ರ ಡಿಸೆಂಬರ್ 6ರಂದು ಭೂತಾನ್ ಮತ್ತು ಭಾರತ, 1972ರ ಜನವರಿಯಲ್ಲಿ ಪೂರ್ವ ಜರ್ಮನಿ ಹಾಗೂ ಸೋವಿಯತ್ ಒಕ್ಕೂಟ, ಫೆಬ್ರವರಿ 4ರಂದು ಬ್ರಿಟನ್, ಏಪ್ರಿಲ್ 4ರಂದು ಅಮೆರಿಕ ಒಪ್ಪಿದವು. ಅದೇ ಏಪ್ರಿಲ್‌ನಲ್ಲಿ ಕಾಮನ್‌ವೆಲ್ತ್ ಸದಸ್ಯತ್ವವೂ ಬಂತು. ಇಷ್ಟಾದರೂ 1972ರ ಆಗಸ್ಟ್ 25ರಂದು ಭದ್ರತಾ ಮಂಡಳಿಯಲ್ಲಿ ಚೀನಾ ವಿಟೋ ಚಲಾಯಿಸಿದ್ದರಿಂದ ವಿಶ್ವಸಂಸ್ಥೆಯ ಬಾಗಿಲು ತೆರೆಯಲಿಲ್ಲ. ಬಾಂಗ್ಲಾದೇಶ ಸದಸ್ಯ ರಾಷ್ಟ್ರವಾದದ್ದು 1974ರ ಸೆಪ್ಟೆಂಬರ್ 17ರಂದು. ಆಗಲೂ ಚೀನಾ ಅದನ್ನು ಒಪ್ಪಿರಲಿಲ್ಲ. ಒಪ್ಪಿದ್ದು 1975ರ ಆಗಸ್ಟ್ ಕೊನೆಯಲ್ಲಿ. ಹಾಗಾದರೆ 1973ರಲ್ಲಿ ‘ಬಾಂಗ್ಲಾದೇಶಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತ್ತೇ?’ ಎಂಬ ಪ್ರಶ್ನೆಗೆ ಏನು ಉತ್ತರ? ಹೌದೆಂದರೂ ಅಲ್ಲವೆಂದರೂ ತಪ್ಪಾಗುತ್ತದೆ, ಏಕೆಂದರೆ ಯಾರು ಒಪ್ಪಿದರು ಎಂಬುದನ್ನು ವಾಕ್ಯ ಹೇಳುತ್ತಲೇ ಇಲ್ಲ. ಆದ್ದರಿಂದ ‘ಮಾನ್ಯತೆ ಸಿಕ್ಕಿತು’, ‘ಮಾನ್ಯತೆ ದೊರೆಯಿತು’ ಎಂಬ ಕರ್ತೃವಿಲ್ಲದ ವಾಕ್ಯಗಳನ್ನು ಬಿಟ್ಟು, ‘ಬ್ರಿಟನ್ ಬಾಂಗ್ಲಾದೇಶವನ್ನು ಮಾನ್ಯ ಮಾಡಿತು’ ಎಂದು ಕರ್ತೃಸಹಿತವಾಗಿ ಬರೆಯುತ್ತಿದ್ದೇನೆ. ನಾಮಪದವಾಗಿ ನಿಂತಾಗ ತೋರುವ ಮೇಲು ಕೀಳಿನ ಛಾಯೆ ‘ಮಾನ್ಯ ಮಾಡು’ ಎಂಬ ಕ್ರಿಯಾಪದದಲ್ಲಿ ಬಹುಮಟ್ಟಿಗೆ ಕರಗುತ್ತದೆ ಎಂಬುದು ನನ್ನ ಅನಿಸಿಕೆ. ನಿಮಗೂ ಹಾಗೆ ಕೇಳಿಸುತ್ತದೆಯೇ?

ಇದಕ್ಕಿಂತ ಗಂಭೀರವಾದ ಸಮಸ್ಯೆ ವಿರುದ್ಧಪದದ್ದು. ಅಮಾನ್ಯ ಎಂದರೆ ಕನ್ನಡದಲ್ಲಿ ಅಸಿಂಧು, ಊರ್ಜಿತವಲ್ಲದ್ದು; ಅಮಾನ್ಯವಾದ ಮತ, ಅಮಾನ್ಯವಾದ ನೋಟು ಎಂಬ ಬಳಕೆಗಳು ಎಲ್ಲರಿಗೂ ಗೊತ್ತು. ಯಾವುದೋ ದೇಶ ಒಪ್ಪದ ರಾಷ್ಟ್ರವನ್ನು ‘ಅಮಾನ್ಯ ರಾಷ್ಟ್ರ’ ಎಂದು ಬರೆದರೆ ಆ ರಾಷ್ಟ್ರವೇ ಇಲ್ಲ ಎಂದು ತೀರ್ಪು ಕೊಟ್ಟಂತಾಗುತ್ತದೆ. ಅಂತಾರಾಷ್ಟ್ರೀಯ ಕಾನೂನಿನಲ್ಲಿ ದಶಕಗಳಿಂದ ವಾದಕ್ಕೆ ಒಳಗಾಗಿರುವ ವಿಷಯವೇ ಅದು. ಇತರರು ಒಪ್ಪಿದಾಗಲೇ ರಾಷ್ಟ್ರ ಅಸ್ತಿತ್ವಕ್ಕೆ ಬರುತ್ತದೆ ಎಂಬುದು ಒಂದು ಪಂಥ. ರಾಷ್ಟ್ರ ಮೊದಲೇ ಇರುತ್ತದೆ, ಒಪ್ಪುವವರು ಇರುವುದನ್ನು ಇದೆ ಎಂದು ಹೇಳುತ್ತಾರೆ ಅಷ್ಟೇ ಎಂಬುದು ಇನ್ನೊಂದು. 1933ರ ಮೊಂಟೆವಿಡಿಯೊ ಒಪ್ಪಂದವು ಸ್ಥಿರವಾದ ಜನಸಂಖ್ಯೆ, ನಿರ್ದಿಷ್ಟ ಭೂಪ್ರದೇಶ, ಸರ್ಕಾರ ಮತ್ತು ಇತರ ರಾಷ್ಟ್ರಗಳೊಡನೆ ಸಂಬಂಧ ಬೆಳೆಸುವ ಸಾಮರ್ಥ್ಯ ಎಂಬ ನಾಲ್ಕು ಲಕ್ಷಣಗಳನ್ನು ಹೇಳಿ, ರಾಷ್ಟ್ರದ ರಾಜಕೀಯ ಅಸ್ತಿತ್ವವು ಇತರರ ಒಪ್ಪಿಗೆಯನ್ನು ಅವಲಂಬಿಸಿಲ್ಲ ಎಂದು ತನ್ನ 3ನೇ ವಿಧಿಯಲ್ಲಿ ಸ್ಪಷ್ಟಪಡಿಸುತ್ತದೆ. 2008ರ ಫೆಬ್ರವರಿ 17ರಂದು ಸ್ವಾತಂತ್ರ್ಯ ಘೋಷಿಸಿಕೊಂಡ ಕೊಸೊವೊವನ್ನು ಅಮೆರಿಕ ಮರುದಿನವೇ ಮಾನ್ಯ ಮಾಡಿತು. ಸ್ಪೇನ್, ಗ್ರೀಸ್, ರೊಮೇನಿಯಾ, ಸ್ಲೊವಾಕಿಯಾ, ಸೈಪ್ರಸ್ ಮಾಡಲಿಲ್ಲ. ಇದನ್ನು ವರದಿ ಮಾಡುವ ಕನ್ನಡ ಬರಹಗಾರ ‘ಅಮಾನ್ಯ’ ಎಂಬ ಒಂದೇ ಪದದಿಂದ ತನಗೆ ಅರಿವಿಲ್ಲದೆ ಒಂದು ಪಕ್ಷ ಸೇರಿಬಿಡುತ್ತಾನೆ. ‘ಸ್ಪೇನ್ ಮಾನ್ಯ ಮಾಡದ’, ‘ಹಲವು ದೇಶಗಳ ಮಾನ್ಯತೆ ಪಡೆಯದ’ ಎಂದು ಬಿಡಿಸಿ ಬರೆಯುವುದೇ ಲೇಸು.

ನನ್ನನ್ನು ಹೆಚ್ಚು ಕಾಡಿರುವ ಪ್ರಸಂಗ ಕಲ್ಕತ್ತೆಯದು. 1971ರ ಏಪ್ರಿಲ್ 17ರಂದು ಮೆಹೆರ್‌ಪುರದ ಬೈದ್ಯನಾಥತಲಾದ ಮಾವಿನ ತೋಪಿನಲ್ಲಿ ಬಾಂಗ್ಲಾದೇಶದ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು. ಅಧ್ಯಕ್ಷರಾಗಿದ್ದ ಮುಜಿಬ್ ಪಾಕಿಸ್ತಾನದ ಸೆರೆಯಲ್ಲಿದ್ದುದರಿಂದ ಸಯ್ಯದ್ ನಜ್ರುಲ್ ಇಸ್ಲಾಂ ಹಂಗಾಮಿ ಅಧ್ಯಕ್ಷರಾದರು, ತಾಜುದ್ದೀನ್ ಅಹ್ಮದ್ ಪ್ರಧಾನಿಯಾದರು. ಮರುದಿನ ಕಲ್ಕತ್ತೆಯ ಸರ್ಕಸ್ ಅವೆನ್ಯೂದಲ್ಲಿದ್ದ ಪಾಕಿಸ್ತಾನದ ಉಪ ಹೈಕಮಿಷನ್ ಕಟ್ಟಡದ ಮೇಲೆ ಬಾಂಗ್ಲಾದೇಶದ ಪಕ್ಷ ವಹಿಸಿದ ಉಪ ಹೈಕಮಿಷನರ್ ಹುಸೇನ್ ಅಲಿಯವರು ಪಾಕಿಸ್ತಾನದ ಧ್ವಜವನ್ನಿಳಿಸಿ, ಕೆಂಪು ವೃತ್ತದೊಳಗೆ ನಾಡಿನ ಹೊನ್ನಬಣ್ಣದ ನಕ್ಷೆಯಿದ್ದ ಹಸಿರು ಧ್ವಜವನ್ನು ಏರಿಸಿದರು. ಭಾರತ ಅದನ್ನು ತಡೆಯಲಿಲ್ಲ, ಹಾಗೆಂದು ಬಾಂಗ್ಲಾದೇಶವನ್ನು ಮಾನ್ಯ ಮಾಡಿದ್ದೂ ಇಲ್ಲ. ಲಂಡನ್ನಿನಲ್ಲಿ ನ್ಯಾಯಮೂರ್ತಿ ಅಬು ಸಯೀದ್ ಚೌಧುರಿಯವರು ವಿಶೇಷ ಪ್ರತಿನಿಧಿಯಾಗಿ ಬೆಂಬಲ ಕೋರುತ್ತಿದ್ದರೂ ಅವರನ್ನು ರಾಯಭಾರಿ ಎಂದು ಸ್ವೀಕರಿಸುವ ದೇಶ ಒಂದೂ ಇರಲಿಲ್ಲ. ಕಚೇರಿಯಿದೆ, ಧ್ವಜವಿದೆ, ಪತ್ರ ವ್ಯವಹಾರವಿದೆ, ಮಾನ್ಯತೆ ಇಲ್ಲ ಎಂಬ ಈ ಸುಮಾರು ಎಂಟು ತಿಂಗಳ ಸ್ಥಿತಿಗೆ ಕನ್ನಡದಲ್ಲಿ ಏನೆನ್ನೋಣ? ‘ಪರೋಕ್ಷ ಮಾನ್ಯತೆ’ ಎಂದು ಬರೆದವರಿದ್ದಾರೆ. ಅದು ಸರಿಯಲ್ಲ. ಬಾಯಿಬಿಟ್ಟು ಘೋಷಿಸದಿದ್ದರೂ ನಡೆಯಿಂದಲೇ ಒಪ್ಪಿದಂತಾಗುವುದು ಪರೋಕ್ಷ ಮಾನ್ಯತೆ. ಹೊಸ ದೇಶದ ರಾಯಭಾರಿಯನ್ನು ವಿಧ್ಯುಕ್ತವಾಗಿ ಬರಮಾಡಿಕೊಳ್ಳುವುದು ಅದಕ್ಕೆ ಉದಾಹರಣೆ. ಕಲ್ಕತ್ತೆಯಲ್ಲಿ ನಡೆದದ್ದು ಬರೀ ಅವಕಾಶ ಕೊಡುವಿಕೆ. ಡಿಸೆಂಬರ್ 6ರಂದು ಲೋಕಸಭೆಯಲ್ಲಿ ಇಂದಿರಾ ಗಾಂಧಿಯವರು ಬಾಂಗ್ಲಾದೇಶ ಸರ್ಕಾರದಿಂದ ಪದೇ ಪದೇ ಬಂದ ಕೋರಿಕೆಗಳನ್ನು ಉಲ್ಲೇಖಿಸಿ ತೀರ್ಮಾನ ಪ್ರಕಟಿಸಿದರು ಎಂಬುದೇ ಅಲ್ಲಿಯವರೆಗೆ ಮಾನ್ಯತೆ ಇರಲಿಲ್ಲ ಎಂಬುದಕ್ಕೆ ಸಾಕ್ಷಿ.

ಡಿ ಫ್ಯಾಕ್ಟೋ (ಇರುವ ಸ್ಥಿತಿಯನ್ನು ನೋಡಿ ಸದ್ಯದ ಮಟ್ಟಿಗೆ ಒಪ್ಪುವುದು), ಡಿ ಜೂರೆ (ಕಾನೂನಿನ ಪ್ರಕಾರ ಪೂರ್ಣವಾಗಿ ಒಪ್ಪುವುದು) ಎಂಬ ಜೋಡಿಗೂ ಒಪ್ಪುವ ಪದಗಳು ಬೇಕಾಗಿವೆ. 1948ರ ಮೇ 14ರಂದು ಇಸ್ರೇಲ್ ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಅಮೆರಿಕ ಕೊಟ್ಟದ್ದು ಮೊದಲನೆಯ ಬಗೆಯದು, 1949ರ ಜನವರಿ 31ರಂದು ಕೊಟ್ಟದ್ದು ಎರಡನೆಯ ಬಗೆಯದು. ಇವನ್ನು ‘ವಾಸ್ತವಿಕ ಮಾನ್ಯತೆ’, ‘ಕಾನೂನಾತ್ಮಕ ಮಾನ್ಯತೆ’ ಎಂದು ಕರೆದರೆ, ವಾಸ್ತವಿಕವಾದದ್ದೇ ನಿಜವಾದ, ಗಟ್ಟಿಯಾದ ಮಾನ್ಯತೆ ಎಂದು ಓದುಗರು ತಿಳಿಯುತ್ತಾರೆ, ಅರ್ಥವೇ ತಲೆಕೆಳಗಾಗುತ್ತದೆ. ಎರಡನೆಯದಕ್ಕೆ ‘ವಿಧ್ಯುಕ್ತ ಮಾನ್ಯತೆ’ ಹೊಂದುತ್ತದೆ. ಮೊದಲನೆಯದಕ್ಕೆ ನನಗೆ ತೃಪ್ತಿಕರವಾದ ಪದ ಹೊಳೆದಿಲ್ಲ.

ಇದೇ ಜಾಗದಲ್ಲಿ ‘ರಾಜತಾಂತ್ರಿಕ ಮಾನ್ಯತೆ’ ಎಂಬ ಜೋಡುಪದವನ್ನೂ ಪ್ರಶ್ನಿಸಬೇಕಾಗಿದೆ. ಭಾರತವು ಇಸ್ರೇಲನ್ನು ಮಾನ್ಯ ಮಾಡಿದ್ದು 1950ರ ಸೆಪ್ಟೆಂಬರ್‌ನಲ್ಲಿ, ಪೂರ್ಣ ಪ್ರಮಾಣದ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿದ್ದು 1992ರ ಜನವರಿಯಲ್ಲಿ. ನಡುವಿನ ನಾಲ್ಕು ದಶಕಗಳನ್ನು ಈ ಜೋಡುಪದ ನುಂಗಿಹಾಕುತ್ತದೆ.

‘ಸ್ಟೇಟ್’ ಎಂಬುದಕ್ಕೆ ‘ರಾಜ್ಯ’ ಎಂದರೆ ಒಕ್ಕೂಟದ ಒಂದು ಘಟಕವೆಂದಾಗುತ್ತದೆ, ‘ಪ್ರಭುತ್ವ’ ಎಂದರೆ ಆಳುವ ಯಂತ್ರವೆಂದಾಗುತ್ತದೆ. ಹೀಗಾಗಿ ‘ರಾಷ್ಟ್ರ’ವನ್ನೇ ಇಟ್ಟುಕೊಂಡಿದ್ದೇನೆ. ಆದರೆ ರಾಷ್ಟ್ರವನ್ನು ಮಾನ್ಯ ಮಾಡುವುದೂ ಸರ್ಕಾರವನ್ನು ಮಾನ್ಯ ಮಾಡುವುದೂ ಬೇರೆ ಬೇರೆ. 1949ರ ಡಿಸೆಂಬರ್ 30ರಂದು ಭಾರತ ಬೀಜಿಂಗಿನ ಹೊಸ ಕಮ್ಯುನಿಸ್ಟ್ ಸರ್ಕಾರವನ್ನು ಮಾನ್ಯ ಮಾಡಿದಾಗ ಚೀನಾ ಹೊಸ ರಾಷ್ಟ್ರವಾಗಿರಲಿಲ್ಲ.

ಇನ್ನು ಪಡೆಯುವವರ ಕಡೆಯ ಕ್ರಿಯಾಪದ. ‘ಮಾನ್ಯತೆ ಗಿಟ್ಟಿಸಿಕೊಂಡಿತು’ ಎಂಬ ಬಳಕೆ ಶೀರ್ಷಿಕೆಗಳಲ್ಲಿ ಹೇರಳವಾಗಿದೆ. ಗಿಟ್ಟಿಸು ಎಂಬುದರಲ್ಲಿ ಚಾಲಾಕಿನ, ಲಾಭದ ವಾಸನೆಯಿದೆ. ಯುದ್ಧಾಪರಾಧದ ಆರೋಪ ಹೊತ್ತಿದ್ದ 195 ಪಾಕಿಸ್ತಾನಿ ಸೆರೆಯಾಳುಗಳ ವಿಚಾರಣೆ ನಡೆಸುವುದಿಲ್ಲವೆಂದು ಭಾರತ ಮತ್ತು ಪಾಕಿಸ್ತಾನಗಳೊಡನೆ 1974ರ ಏಪ್ರಿಲ್‌ನಲ್ಲಿ ಮಾಡಿಕೊಂಡ ತ್ರಿಪಕ್ಷೀಯ ಒಪ್ಪಂದದಲ್ಲಿ ಬಾಂಗ್ಲಾದೇಶ ಒಪ್ಪಿತು. ಪಾಕಿಸ್ತಾನದ ಮಾನ್ಯತೆಯ ಹಿಂದೆ ಮುಂದೆ ಇಷ್ಟು ಭಾರವಾದ ಕೊಡುಕೊಳ್ಳುವಿಕೆ ಇತ್ತು. ಲಕ್ಷಾಂತರ ಜನ ನೊಂದ ನೆಲದ ಬಗ್ಗೆ ಬರೆಯುವಾಗ ‘ಗಿಟ್ಟಿಸು’ ಎನ್ನಲು ನನಗೆ ಮನಸ್ಸಾಗುವುದಿಲ್ಲ. ‘ದೊರಕಿಸಿಕೊಂಡಿತು’ ಎಂಬುದರಲ್ಲಿ ಪ್ರಯತ್ನವೂ ಇದೆ, ಗೌರವವೂ ಇದೆ.

ಅಂಗೀಕಾರದ ಪರವಾಗಿ ಒಂದು ಮಾತು ಹೇಳಬೇಕು. ಮಸೂದೆಯ ಅಂಗೀಕಾರ, ನಿರ್ಣಯದ ಅಂಗೀಕಾರ ಎಂಬ ಬಳಕೆಗಳಿಂದ ಅದು ಸದನದ ಪದವಾಗಿ ಬೆಳೆದಿದ್ದರೂ, ಸಮಾನರ ನಡುವಣ ಒಪ್ಪಿಗೆಯನ್ನು ಅದು ಮಾನ್ಯತೆಗಿಂತ ಚೆನ್ನಾಗಿ ಹೇಳುತ್ತದೆ. ರೂಢಿಯನ್ನು ಮೀರಿ ಅದನ್ನೇ ಬಳಸಬೇಕೆನ್ನುವವರು ಇದ್ದರೆ ಅವರ ವಾದವನ್ನು ಕೇಳಲು ಆಸೆಯಿದೆ. ಡಿ ಫ್ಯಾಕ್ಟೋಗೆ ಸಮನಾದ ಪದವನ್ನೂ, ಕಲ್ಕತ್ತೆಯ ಆ ಎಂಟು ತಿಂಗಳ ಸ್ಥಿತಿಗೆ ಒಂದು ಹೆಸರನ್ನೂ ಬಲ್ಲವರು ಸೂಚಿಸಬೇಕೆಂದು ಕೋರುತ್ತೇನೆ. 1971 ಮತ್ತು 1972ರ ಕನ್ನಡ ಪತ್ರಿಕೆಗಳು ಯಾವ ಪದವನ್ನು ಬಳಸಿದ್ದವು ಎಂಬುದನ್ನು ಹಳೆಯ ಸಂಚಿಕೆಗಳು ಕೈಗೆಟಕುವವರು ನೋಡಿ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.